ಪದ್ಮಿನಿಯ ಪೀಠ ಪಲ್ಲಟ

ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾದರೂ ಕಾರಿನ ಸೀಟು ಬಿಟ್ಟು ಎದ್ದಿರಲಿಲ್ಲ. ಸ್ಟೀರಿಂಗಿನ ಎದುರು ಅವರು ಕೂತೂ ಕೂತೂ ಮಾಡಿದ್ದ ಗುಂಡಿ ಹಾಗೇ ಇತ್ತು. ಅವರದು ಎಂಬತ್ತೈದು ಕೆಜಿಯ ದೇಹ, ನನ್ನದು ಅರವತ್ತೂ ತುಂಬದ್ದು. ಹಾಗಾಗಿ ನಾನು ಕಾರು ಓಡಿಸುತ್ತಿದ್ದರೆ ಹೊರಗಿನವರಿಗೆ ಬಾವಿಯಿಂದ ಯಾರೋ ಇಣುಕಿದಂತೆ ಕಾಣುತ್ತಿತ್ತಂತೆ. ಗುಂಡಿಯ ತಳದಲ್ಲಿ ಒಂದು ಸ್ಪ್ರಿಂಗ್ ತುಂಡಾಗಿ, ಪ್ರತಿ ಹಂಪಿಗೂ ಮೇಲೆದ್ದು ನನ್ನನ್ನು ವಿಚಾರಿಸಿಕೊಳ್ಳುತ್ತಿತ್ತು. ಬೆಂಗಳೂರಿನಲ್ಲಿ ಹಂಪುಗಳಿಗೇನು ಬರವೇ?

ಕಾರು 1986ರ ಪ್ರೀಮಿಯರ್ ಪದ್ಮಿನಿ. ಆರ್‌ಸಿಯಲ್ಲಿ ಹಾಗಿದೆ ಅಷ್ಟೆ; ಮನೆಯಲ್ಲೂ ಮೆಕ್ಯಾನಿಕ್ಕಿನ ಬಾಯಲ್ಲೂ ಅದು ಫಿಯೆಟ್ಟೇ. ಇಟಲಿಯ ಫಿಯೆಟ್ 1100 ಮುಂಬಯಿಯ ಕುರ್ಲಾ ಕಾರ್ಖಾನೆಯಲ್ಲಿ ತಯಾರಾಗುತ್ತ, ಅರವತ್ತರ ದಶಕದಲ್ಲಿ ಡಿಲೈಟ್ ಎನಿಸಿಕೊಂಡು, ಆಮೇಲೆ ಪ್ರೆಸಿಡೆಂಟ್ ಆಗಿ, 1974ರ ಹೊತ್ತಿಗೆ ಚಿತ್ತೋಡದ ರಾಣಿಯ ಹೆಸರು ಹೊತ್ತಿತು. ಅಧ್ಯಕ್ಷಗಿರಿ ಬಿಟ್ಟು ಮಹಾರಾಣಿಯಾದ ಕಾರು ಇದೊಂದೇ ಇರಬೇಕು.

ನಮ್ಮ ಮಾಡೆಲ್ಲಿನಲ್ಲಿ ಮುಂದೆ ಒಂದೇ ಉದ್ದ ಸೀಟು. ಗೇರು ನೆಲದಲ್ಲಿ ಇಲ್ಲ, ಸ್ಟೀರಿಂಗ್ ಕಂಬಕ್ಕೇ ಕಡ್ಡಿ ಚುಚ್ಚಿದಂತೆ ಎಡಗಡೆ ಇದೆ. ಆದ್ದರಿಂದ ಚಾಲಕನಿಗೂ ಪಕ್ಕದವರಿಗೂ ನಡುವೆ ಇನ್ನೊಬ್ಬರು ತೂರಿಕೊಳ್ಳಬಹುದು. ಬಾಲ್ಯದಲ್ಲಿ ಆ ಸ್ಥಾನ ನನ್ನದು. ಗೇರು ಬದಲಾದಾಗಲೆಲ್ಲ ಅಪ್ಪನ ಮೊಳಕೈ ನನ್ನ ಕೆನ್ನೆಗೆ ಬೀಳುತ್ತಿತ್ತು. ಮಾರ್ಕ್ಸ್ ಕಾರ್ಡ್ ಬಂದ ವಾರ ಗೇರು ಸ್ವಲ್ಪ ಜಾಸ್ತಿಯೇ ಬದಲಾಗುತ್ತಿತ್ತೆಂದು ನನ್ನ ಹಳೆಯ ಅನುಮಾನ.

"ಒಂದೋ ಸೀಟು ಬದಲಾಯಿಸಿ, ಇಲ್ಲ ನಾನು ಆಟೋದಲ್ಲಿ ಬರ್ತೀನಿ, ನೀವು ಹಿಂದೆ ಬನ್ನಿ" ಎಂದು ಹೆಂಡತಿ ಸೊಂಟ ಹಿಡಿದುಕೊಂಡು ಹೇಳಿದ ಮೇಲೆ ಜೆ.ಸಿ. ರಸ್ತೆಗೆ ಹೋದೆ. ಅಲ್ಲಿಯ ಸೀಟಿನ ಅಂಗಡಿಯ ಭಾಯಿ ಕಾರಿನ ಬಾಗಿಲು ತೆಗೆದು, ಗುಂಡಿಗೆ ಕೈ ಅದುಮಿ, ನಾಡಿ ನೋಡುವವರ ಹಾಗೆ ಕಣ್ಣು ಮುಚ್ಚಿದರು.

"ಸ್ಪ್ರಿಂಗ್ ಕಟ್ಟೋ ಕೆಲಸ ಈಗ ಯಾರ್ ಮಾಡ್ತಾರೆ ಸಾರ್? ನಮ್ ಚಾಚಾ ಮಾಡ್ತಿದ್ರು, ಹೋಗ್‌ಬಿಟ್ರು. ಮಾರುತಿ ಏಟ್ ಹಂಡ್ರೆಡ್ ಸೀಟ್ ಹಾಕ್ಸಿ. ಅರ್ಧ ದಿನದ ಕೆಲ್ಸ."

ಆ ಅರ್ಧ ದಿನ ಒಂಬತ್ತು ದಿನಗಳ ಕಾಲ ನಡೆಯಿತು.

ಗುಜರಿಯಿಂದ ಒಂದು ಜೊತೆ ಸೀಟು ಬಂತು. ತಲೆಗೆ ಆಸರೆ, ಬೆನ್ನಿಗೆ ಫೋಮು, ಹಿಂದಕ್ಕೆ ಒರಗಿಸಲು ಪಕ್ಕದಲ್ಲೊಂದು ಲಿವರ್. ಹುಡುಗ ಹಳೆಯ ಸೀಟಿನ ನಟ್ಟುಗಳಿಗೆ ಸೀಮೆಎಣ್ಣೆ ಕುಡಿಸಿ, ಹನ್ನೆರಡು-ಹದಿಮೂರರ ಸ್ಪ್ಯಾನರ್ ಹಾಕಿದ. ಮೂರು ಬಂದವು. ನಾಲ್ಕನೆಯದು ಬರಲಿಲ್ಲ, ಬೋಲ್ಟಿನ ತಲೆಯೇ ಬಂತು. ಅಂತೂ ಮೂವತ್ತೊಂಬತ್ತು ವರ್ಷದ ಮೇಲೆ ಸೀಟು ಮೇಲೆದ್ದಿತು. ತಿರುಗಿಸಿದರೆ ಒಳಗೆ ಸುರುಳಿ ಸ್ಪ್ರಿಂಗುಗಳ ಸಾಲು, ಅದರ ಮೇಲೆ ಗೋಣಿತಾಟು, ಅದರ ಮೇಲೆ ತೆಂಗಿನ ನಾರು, ಮೇಲೆ ರೆಕ್ಸಿನ್. ನಾರೆಲ್ಲ ಪುಡಿಯಾಗಿ ಕಾಫಿಪುಡಿಯ ಹಾಗೆ ನೆಲದ ಮೇಲೆ ಸುರಿಯಿತು. ಅದರ ಜೊತೆ ನಮ್ಮ ಮನೆಯ ಚರಿತ್ರೆಯೂ ಸುರಿಯಿತು. ಇಪ್ಪತ್ತೈದು ಪೈಸೆಯ ಏಳು ನಾಣ್ಯ, ಕೆಇಬಿಯ ಒಂದು ಬಿಲ್ಲು, ಲೆಕ್ಕವಿಲ್ಲದಷ್ಟು ಹೇರ್‌ಪಿನ್ನು, ಅಪ್ಪ ಬಿಟ್ಟೆನೆಂದು ಹೇಳಿದ್ದ ಕಾಲಾವಧಿಗೆ ಸೇರಿದ ಸಿಗರೇಟು ಪ್ಯಾಕು. ಮತ್ತೆ, ಬೆರಳ ತುದಿಯಷ್ಟು ಚಿನ್ನದ್ದೊಂದು ತಿರುಪು.

ಆ ತಿರುಪು ನೋಡಿ ನನಗೆ ಬೆವರು ಬಂತು. 1991ರಲ್ಲಿ ಶಿವಮೊಗ್ಗದ ಮದುವೆಯಿಂದ ಬರುವಾಗ ಅಮ್ಮನ ಕಿವಿಯೋಲೆ ಒಂದು ಕಳೆಯಿತು. ಆವತ್ತು ಅಮ್ಮನ ಪಕ್ಕ ಕೂತಿದ್ದವಳು ಸೋದರತ್ತೆ. ಅಮ್ಮ ಬಾಯಿಬಿಟ್ಟು ಏನೂ ಹೇಳಲಿಲ್ಲ. ಅಂದಿನಿಂದ ಅತ್ತೆ ಬಂದಾಗಲೆಲ್ಲ ಬೀರುವಿನ ಬೀಗದಕೈಯನ್ನು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು, ಅಷ್ಟೇ. ಅತ್ತೆಗೂ ಅದು ಅರ್ಥವಾಗದೆ ಇರಲಿಲ್ಲ. ತಿರುಪನ್ನು ಕಾಗದದಲ್ಲಿ ಮಡಿಸಿ ಜೇಬಿಗೆ ಇಟ್ಟುಕೊಂಡೆ.

ಅಷ್ಟರಲ್ಲಿ ಹುಡುಗ "ಸಾರ್, ರೋಡ್ ಕಾಣ್ತಿದೆ" ಅಂದ. ಹೌದು, ಕಾರಿನ ನೆಲದಲ್ಲಿ ಅಂಗೈಯಗಲದ ತೂತು. ಮ್ಯಾಟಿನಡಿ ನೀರು ನಿಂತು ತಗಡು ತುಕ್ಕಾಗಿ ಹೋಗಿತ್ತು. ತುಕ್ಕಿನ ಮೇಲೆ ವೆಲ್ಡಿಂಗ್ ಮಾಡುವುದೂ ಹಪ್ಪಳಕ್ಕೆ ಮೊಳೆ ಹೊಡೆಯುವುದೂ ಒಂದೇ. ಕೊಳೆತದ್ದನ್ನು ಕತ್ತರಿಸಿ, ಗಟ್ಟಿ ತಗಡು ಸಿಗುವವರೆಗೆ ಹೋಗಿ, ಅಲ್ಲಿಂದ ಹೊಸ ತಗಡು ಬೆಸೆಯಬೇಕು. ಗಟ್ಟಿ ತಗಡು ಹುಡುಕುತ್ತ ವೆಲ್ಡರ್ ಹೆಚ್ಚುಕಡಿಮೆ ಬಾಗಿಲಿನವರೆಗೂ ಬಂದ.

ನಿಜವಾದ ತಕರಾರು ಆಮೇಲೆ. ಫಿಯೆಟ್ಟಿನ ಸೀಟಿನ ತೂತುಗಳೇ ಬೇರೆ, ಮಾರುತಿಯ ಹಳಿಗಳ ತೂತುಗಳೇ ಬೇರೆ. ಎರಡು ಜಾತಕ ಎಲ್ಲೂ ಕೂಡಲಿಲ್ಲ. ಪರಿಹಾರಕ್ಕೆ ಕಬ್ಬಿಣದ ಎಲ್-ಆಂಗಲ್ ತುಂಡುಗಳನ್ನು ನೆಲಕ್ಕೆ ಕೂರಿಸಿ, ಅದರ ಮೇಲೆ ಹಳಿಗಳನ್ನು ಬಿಗಿಯಬೇಕಾಯಿತು. ನೆಲದ ಅಡಿಯಿಂದ ದೊಡ್ಡ ವಾಷರ್ ಹಾಕಲೇಬೇಕೆಂದು ನಾನು ಹಟ ಹಿಡಿದೆ. ಸಣ್ಣ ವಾಷರ್ ಆದರೆ ಜೋರು ಬ್ರೇಕಿಗೆ ಬೋಲ್ಟು ತೆಳು ತಗಡನ್ನು ಹರಿದುಕೊಂಡು ಸೀಟಿನ ಸಮೇತ ಬರುತ್ತದೆ. ಆಗ ಬ್ರೇಕ್ ಹಾಕಿದವನೂ ಗಾಜಿನ ಕಡೆ ಹೊರಟಿರುತ್ತಾನೆ. ಈ ಒಂದು ವಿಷಯದಲ್ಲಿ ಭಾಯಿ ನನ್ನನ್ನು ಗೌರವದಿಂದ ನೋಡಿ, ಐನೂರು ರೂಪಾಯಿ ಜಾಸ್ತಿ ಹೇಳಿದರು.

ಒಂಬತ್ತನೆಯ ದಿನ ಸಿಂಹಾಸನಾರೋಹಣ. ಆಂಗಲ್ಲಿನ ಎತ್ತರ, ಹಳಿಯ ಎತ್ತರ, ಫೋಮಿನ ಎತ್ತರ ಎಲ್ಲ ಸೇರಿ, ಬಾವಿಯಲ್ಲಿದ್ದವನು ಅಟ್ಟಕ್ಕೆ ಬಂದಿದ್ದೆ. ತಲೆಗೂದಲು ಚಾವಣಿಗೆ ತಾಗುತ್ತಿತ್ತು, ಮಂಡಿ ಸ್ಟೀರಿಂಗಿಗೆ ತಾಗುತ್ತಿತ್ತು. ಜೊತೆಗೆ ಸೀಟಿನ ನಡುವೂ ಸ್ಟೀರಿಂಗಿನ ನಡುವೂ ಒಂದೂವರೆ ಇಂಚು ಆಚೀಚೆ. ಆರತಕ್ಷತೆಯಲ್ಲಿ ಫೋಟೋದವನು ಹೇಳಿದ ಕೋನಕ್ಕೆ ತಿರುಗಿ ಕೂತ ಮದುಮಗನಂತೆ ಸೊಟ್ಟಗೆ ಕೂತು ಮನೆಗೆ ಬಂದೆ. ಮರುದಿನ ಆಂಗಲ್ಲನ್ನು ಬಿಚ್ಚಿ ಚಪ್ಪಟೆ ಪಟ್ಟಿ ಹಾಕಿದ ಮೇಲೆ ತಲೆ ಚಾವಣಿಯಿಂದ ಬಿಡುಗಡೆಯಾಯಿತು. ಸೊಟ್ಟ ಮಾತ್ರ ಉಳಿಯಿತು. ಹೆಂಡತಿಗೆ ಸೀಟು ಬಹಳ ಹಿಡಿಸಿತು. ಮೊದಲ ದಿನವೇ ಲಿವರ್ ಎಳೆದು, ಒರಗಿ, ಲಾಲ್‌ಬಾಗ್ ದಾಟುವ ಮೊದಲೇ ನಿದ್ದೆ ಹೋದಳು. ನಡುವೆ ಖಾಲಿ ಜಾಗ. ಅಲ್ಲೀಗ ನೀರಿನ ಬಾಟಲಿ ಉರುಳಾಡುತ್ತದೆ.

ಅಮ್ಮನಿಗೆ ಮಾತ್ರ ಸಮಾಧಾನವಿಲ್ಲ. ಎಂಬತ್ನಾಲ್ಕು ವರ್ಷದ ಅಮ್ಮ ಹಿಂದಿನ ಸೀಟಿನ ನಡುವೆ ಕೂತು, ಹಳೆಯ ಸೀಟಿನ ಗಿಡ್ಡ ಬೆನ್ನಿನ ಮೇಲಿಂದ ಇಡೀ ರಸ್ತೆ ನೋಡುತ್ತ, ಅಪ್ಪನ ಕಾಲದಿಂದಲೂ ಕಾರು ಓಡಿಸುತ್ತಿದ್ದವಳು. ಸ್ಟೀರಿಂಗ್ ತಿರುಗಿಸುವುದಷ್ಟೇ ನಮ್ಮ ಕೆಲಸ. ಈಗ ಎಡಕ್ಕೊಂದು ಬಲಕ್ಕೊಂದು ತಲೆದಿಂಬು ಅಡ್ಡ.

"ಇಬ್ಬರು ಪೊಲೀಸರು ಎದುರಿಗೆ ನಿಂತ ಹಾಗಿದೆ ಕಣೋ. ಬಸ್ ಬಂದರೆ ನಂಗೆ ಹೇಗೆ ಗೊತ್ತಾಗಬೇಕು?"

ಮಾತು ಬದಲಿಸೋಣವೆಂದು ಜೇಬಿನಿಂದ ತಿರುಪು ತೆಗೆದು ಅಂಗೈ ಮೇಲಿಟ್ಟೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು. ಸೆರಗಿನಲ್ಲಿ ಒರೆಸಿ ಮತ್ತೆ ನೋಡಿದಳು. ಅತ್ತೆಗೆ ಈಗಲೇ ಫೋನ್ ಮಾಡೋಣವೇ ಎಂದು ಕೇಳುವವನಿದ್ದೆ.

"ತಿರುಪು ಇಲ್ಲಿದ್ದರೆ ಓಲೆ ಎಲ್ಲಿಗೆ ಹೋಗುತ್ತೆ?" ಎಂದಳು. "ನಾಳೆ ಹಿಂದಿನ ಸೀಟೂ ಬಿಚ್ಚಿಸು. ಅಲ್ಲೀತನಕ ಅವಳಿಗೆ ಏನೂ ಹೇಳಬೇಡ."