ಸಾಕು ಅನ್ನುವ ತನಕ

ಮೂರು ತಿಂಗಳ ಸಕ್ಕರೆಯ ಸರಾಸರಿ 6.3 ಬಂದ ದಿನ ಡಾಕ್ಟರು, "ನಿಮಗಿನ್ನೂ ಸಕ್ಕರೆ ಕಾಯಿಲೆ ಬಂದಿಲ್ಲ, ಹೊಸ್ತಿಲ ಮೇಲೆ ನಿಂತಿದ್ದೀರಿ" ಎಂದರು. ಹೊಸ್ತಿಲ ಮೇಲೆ ನಿಲ್ಲಬೇಡ್ವೋ ಎಂದು ನಮ್ಮಜ್ಜಿ ಬೈಯುತ್ತಿದ್ದದ್ದು ಇದಕ್ಕೇ ಇರಬೇಕು. "ಅನ್ನ ಕಮ್ಮಿ ಮಾಡಿ, ಮೈದಾ ಬೇಡ, ಬೆಣ್ಣೆ, ತುಪ್ಪ ನೋಡಿಕೊಂಡು ತಿನ್ನಿ." ನೋಡಿಕೊಂಡು ಎಂದರೆ ನೋಡುತ್ತಾ ತಿನ್ನುವುದೋ, ನೋಡಿ ಸುಮ್ಮನಾಗುವುದೋ ಎಂದು ಕೇಳುವಷ್ಟರಲ್ಲಿ ಮುಂದಿನ ಟೋಕನ್ನಿನವರು ಒಳಗೆ ಬಂದುಬಿಟ್ಟರು.

ಅದೇ ವಾರ ಮಗಳಿಗೆ ಬಡ್ತಿಯಾಯಿತು. ಇಂದಿರಾನಗರದ ಒಂದು ಇಟಾಲಿಯನ್ ಹೋಟೆಲಿನಲ್ಲಿ ಊಟ ಕೊಡಿಸುತ್ತೇನೆ ಎಂದಳು. ನಾನು 6.3ನ್ನು ನೆನಪಿಸಿದೆ. "ಅಲ್ಲೂ ಆರೋಗ್ಯಕ್ಕೆ ಒಳ್ಳೇದು ಸಿಗುತ್ತೆ ಅಪ್ಪ, ಆರಿಸ್ಕೋಬೇಕು ಅಷ್ಟೆ." ಈ 'ಅಷ್ಟೆ' ಎಂಬ ಪದ ನನ್ನ ಜೀವನದಲ್ಲಿ ಎಷ್ಟು ಕಷ್ಟ ತಂದಿದೆ ಎಂಬುದು ಅವಳಿಗೆ ಗೊತ್ತಿಲ್ಲ.

ಕೂತ ಕೂಡಲೇ ಒಂದು ಬುಟ್ಟಿ ಬ್ರೆಡ್ಡು, ಪಕ್ಕದಲ್ಲಿ ಬಟ್ಟಲು ತುಂಬ ಆಲಿವ್ ಎಣ್ಣೆ ಬಂತು. ನಾವು ಕೇಳಿರಲಿಲ್ಲ. ಇದಕ್ಕೆ ದುಡ್ಡಿಲ್ಲ ಎಂದು ಮಗಳು ಹೇಳಿದಳು. ದುಡ್ಡಿಲ್ಲದ್ದಕ್ಕೆ ಕ್ಯಾಲೊರಿಯೂ ಇರುವುದಿಲ್ಲ ಎಂಬ ನಂಬಿಕೆ ಮಧ್ಯಮವರ್ಗದ ರಕ್ತದಲ್ಲೇ ಇದೆ; ಬಹುಶಃ ಆ ಸರಾಸರಿಯಲ್ಲಿ ಅದೂ ಸೇರಿತ್ತು. ಮೆನು ಬಿಡಿಸುವ ಹೊತ್ತಿಗೆ ನಾಲ್ಕು ತುಂಡು ಅದ್ದಿ ಮುಗಿಸಿದ್ದೆ. "ಆಲಿವ್ ಎಣ್ಣೆ ಹೃದಯಕ್ಕೆ ಒಳ್ಳೇದಂತೆ" ಎಂದು ಸಮರ್ಥಿಸಿಕೊಂಡೆ. "ಒಳ್ಳೇದೇ ಅಪ್ಪ. ಆದ್ರೆ ಒಂದು ದೊಡ್ಡ ಚಮಚಕ್ಕೆ 120 ಕ್ಯಾಲೊರಿ" ಎಂದು ಮಗಳು ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು. ಡಾಕ್ಟರು ಬೇಡ ಎಂದ ಮೈದಾ, ನೋಡಿಕೊಂಡು ಎಂದ ಜಿಡ್ಡು, ಎರಡೂ ಊಟಕ್ಕೆ ಮುಂಚೆಯೇ ಒಳಗೆ ಹೋಗಿದ್ದವು.

ಮೆನು ನೋಡಿದರೆ ಒಂದು ಪದವೂ ಬಾಯಿಗೆ ಹತ್ತಲಿಲ್ಲ. ನಮ್ಮ ದರ್ಶಿನಿಗಳಲ್ಲಿ ಬೋರ್ಡು ನೋಡಿದರೆ ಪಾಪ ಯಾವುದು, ಪುಣ್ಯ ಯಾವುದು ಎಂದು ಗೊತ್ತಾಗುತ್ತದೆ. ಬೆಣ್ಣೆ ಮಸಾಲೆ ಎಂದರೆ ಬೆಣ್ಣೆ ಇದೆ, ಖಾಲಿ ದೋಸೆ ಎಂದರೆ ಪಾಪ ಸ್ವಲ್ಪ ಕಡಿಮೆ. ಇಲ್ಲಿ ಎಲ್ಲದಕ್ಕೂ ಸಂಗೀತಗಾರರ ಹೆಸರು. ಫೆಟುಚಿನಿ ಆಲ್ಫ್ರೆಡೊ ಎಂಬುದು ಘನಸ್ಥನಂತೆ ಕಂಡಿತು, ಅದನ್ನೇ ಹೇಳೋಣ ಎಂದೆ. ಮಗಳು ಅದರ ಪುರಾಣ ತೆಗೆದಳು. ಅದನ್ನು ಮಾಡಿದವನು ಆಲ್ಫ್ರೆಡೊ ದಿ ಲೆಲಿಯೊ ಎಂಬ ರೋಮ್ ನಗರದ ಹೋಟೆಲಿನವನು. 1908ರ ಸುಮಾರಿನಲ್ಲಿ ಅವನ ಹೆಂಡತಿ ಹೆತ್ತು ಮಲಗಿದ್ದಳಂತೆ, ಊಟ ಸೇರುತ್ತಿರಲಿಲ್ಲವಂತೆ. ಅವಳಿಗೆ ಶಕ್ತಿ ಬರಲೆಂದು ಬಿಸಿ ಪಾಸ್ತಾಕ್ಕೆ ಧಾರಾಳವಾಗಿ ಬೆಣ್ಣೆ, ಪರ್ಮೆಸಾನ್ ಚೀಸು ಕಲಸಿ ಕೊಟ್ಟನಂತೆ. ಆಮೇಲೆ ಅಮೆರಿಕದವರು ಅದಕ್ಕೆ ಕೆನೆಯನ್ನೂ ಸೇರಿಸಿದರು. ಅಂದರೆ ನಾನು ಆರಿಸಿದ್ದು ಬಾಣಂತಿ ಊಟ! ನಿವೃತ್ತಿಯಾಗಿ ಎರಡು ವರ್ಷವಾದ, ಹೊಟ್ಟೆ ನೋಡಿದರೆ ಇನ್ನೂ ಹೆರಿಗೆಯಾಗದ ನನಗೆ ಅದು ಸಲ್ಲದು ಎಂದು ಬಿಟ್ಟೆ.

ಧಾರವಾಡದ ಕಡೆಯ ನನ್ನ ಹೆಂಡತಿ ಅಷ್ಟರಲ್ಲಿ ವೇಟರನ್ನು ವಿಚಾರಣೆಗೆ ತೆಗೆದುಕೊಂಡಿದ್ದಳು. ಇಟಲಿಯ ಅಸಲಿ ಪರ್ಮೆಸಾನಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಎಂದು ಎಲ್ಲೋ ಓದಿ ಬಂದಿದ್ದಳು. ನಮ್ಮದು ಸಸ್ಯಾಹಾರಿ ರೆನೆಟ್ಟಿನದು ಎಂದು ಅವನು ಇಂಗ್ಲಿಷಿನಲ್ಲಿ ಪ್ರಮಾಣ ಮಾಡಿದ ಮೇಲೆ ಬಿಟ್ಟಳು. ಅವಳಿಗೆ ಮಗಳು ಫಾರ್ರೊ ಎಂಬ ಧಾನ್ಯದ ಸಲಾಡ್ ಹೇಳಿದಳು. ಬಟ್ಟಲು ಬಂತು. ಹೆಂಡತಿ ಒಂದು ಕಾಳು ಎತ್ತಿ, ಬೆಳಕಿಗೆ ಹಿಡಿದು, ಹಲ್ಲಲ್ಲಿ ಕಚ್ಚಿ ನೋಡಿ, "ಅಯ್ಯ, ಇದು ನಮ್ಮ ಜವಿ ಗೋದಿ ಅಲ್ಲೇನು!" ಎಂದಳು. ಮಗಳು ಫೋನಿನಲ್ಲಿ ಹುಡುಕಿದಳು. ಹೌದು, ಎರಡೂ ಎಮ್ಮರ್ ಎಂಬ ಒಂದೇ ಹಳೆಯ ಗೋಧಿಯ ಕುಲ. "ಇದರ ಹುಗ್ಗಿ ಮಾಡಿದ್ರ ಮೂಸಿ ಸೈತ ನೋಡಂಗಿಲ್ಲ ನೀವು. ಇಲ್ಲಿ ಆರುನೂರು ರೂಪಾಯಿ ಕೊಟ್ಟು ಬರೇ ಕಾಳು ತಿನಸ್ತೀರಿ" ಎಂದು ನನ್ನನ್ನು ನೋಡಿದಳು. ಬಿಲ್ಲು ಮಗಳದ್ದು, ಬೈಗುಳ ನನ್ನದು.

ನನಗೆ ಕೊನೆಗೆ ಒಲಿದದ್ದು ಆಲ್ಯೊ ಓಲ್ಯೊ. ಬೆಳ್ಳುಳ್ಳಿ, ಆಲಿವ್ ಎಣ್ಣೆ, ಒಣಮೆಣಸಿನಕಾಯಿಯ ಚೂರು, ಅದರಲ್ಲಿ ಹೊರಳಾಡಿಸಿದ ಸ್ಪಗೆಟಿ. ಬೆಣ್ಣೆಯಿಲ್ಲ, ಕೆನೆಯಿಲ್ಲ. ನಾನು ಮನಸ್ಸಿನಲ್ಲೇ ಅದಕ್ಕೆ 'ಒಗ್ಗರಣೆ ಶಾವಿಗೆ' ಎಂದು ನಾಮಕರಣ ಮಾಡಿದೆ. ಬಾಯಿಗಿಟ್ಟರೆ ನಡುವೆ ಇನ್ನೂ ಬೇಯಬೇಕಿತ್ತು. ಮನೆಯಲ್ಲಾಗಿದ್ದರೆ ಒಂದು ಮಾತು ಅಂದುಬಿಡುತ್ತಿದ್ದೆ. ಅದಕ್ಕೆ ಅಲ್ ದೆಂತೆ ಎನ್ನುತ್ತಾರಂತೆ, ಹಲ್ಲಿಗೆ ಸಿಗುವ ಹಾಗೆ ಬೇಯಿಸುವುದು. ಹಾಗೆ ಬೇಯಿಸಿದ ಪಾಸ್ತಾ ಮುದ್ದೆಯಾಗಿ ಬೆಂದದ್ದಕ್ಕಿಂತ ನಿಧಾನವಾಗಿ ಅರಗುತ್ತದೆ, ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಹೆಂಡತಿ ಇದನ್ನು ಬಹಳ ಗಮನವಿಟ್ಟು ಕೇಳಿಸಿಕೊಂಡಳು. ನಾಳೆಯಿಂದ ನಮ್ಮ ಮನೆಯಲ್ಲಿ ಅನ್ನ ಬೇಯದಿದ್ದರೆ ಅದಕ್ಕೆ ಇಟಲಿಯ ಹೆಸರಿರುತ್ತದೆ ಎಂದು ನನಗೆ ಆಗಲೇ ತಿಳಿಯಿತು.

ಅಲ್ಲಿಯವರೆಗೆ ನನ್ನ ಆಯ್ಕೆ ನಿಷ್ಕಳಂಕ. ಆಗ ವೇಟರ್ ಹುಡುಗ ಒಂದು ಕೈಯಲ್ಲಿ ಚೀಸಿನ ತುಂಡು, ಇನ್ನೊಂದು ಕೈಯಲ್ಲಿ ತುರಿಯುವ ಮಣೆ ಹಿಡಿದು ಬಂದ. ನನ್ನ ತಟ್ಟೆಯ ಮೇಲೆ ಬಗ್ಗಿ, ಮೆಲ್ಲಗೆ "ಸೇ ವೆನ್, ಸರ್" ಎಂದ. ನನಗೆ ಕೇಳಿಸಿದ್ದು "ಸೇವೆನಾ ಸಾರ್?" ಎಂದು. ಸೇವೆ ಬೇಡ ಎನ್ನುವವರುಂಟೇ? ನಗುತ್ತಾ ತಲೆಯಾಡಿಸಿದೆ.

ಅವನು ತುರಿಯತೊಡಗಿದ. ಬೆಳ್ಳಗೆ, ಹಗುರಾಗಿ, ಹೂವಿನ ಹಾಗೆ ಉದುರಿತು. ನಾನು ಕಾದೆ. ಬಡಿಸುವವನಿಗೆ ಅಳತೆ ಗೊತ್ತಿರುತ್ತದೆ, ನಡುವೆ ತಡೆದರೆ ಅವನಿಗೆ ಅವಮಾನ. ಅವನೂ ಕಾದ. ಉಣ್ಣುವವನಿಗೆ ಅಳತೆ ಗೊತ್ತಿರುತ್ತದೆ, ಅವನು ಹೇಳುವ ಮುಂಚೆ ನಿಲ್ಲಿಸಿದರೆ ಜಿಪುಣತನ. ಇಬ್ಬರು ಸಭ್ಯಸ್ಥರ ನಡುವೆ ಚೀಸು ಬೆಳೆಯುತ್ತಾ ಹೋಯಿತು. ಮೊದಲು ಬೆಳ್ಳುಳ್ಳಿ ಮರೆಯಾಯಿತು, ಆಮೇಲೆ ಮೆಣಸಿನಕಾಯಿ, ಆಮೇಲೆ ಸ್ಪಗೆಟಿ. ಹುಡುಗ ಕೈ ಬದಲಾಯಿಸಿದ. ಅವನ ಹಣೆಯಲ್ಲಿ ಬೆವರು. ಪಾಪ, ಇಷ್ಟು ಉಪಚಾರ ಯಾಕೆ ಮಾಡುತ್ತಿದ್ದಾನೆ ಎಂದು ನನಗೆ ಕಣ್ಣು ತುಂಬಿ ಬರುವುದರಲ್ಲಿತ್ತು. ಮೇಜಿನ ಕೆಳಗೆ ಹೆಂಡತಿ ಕಾಲು ತುಳಿದಳು. ಬೆಚ್ಚಿಬಿದ್ದ ನಾನು ಮದುವೆಮನೆಯ ಪಂಕ್ತಿಯಲ್ಲಿ ಕೂತವನ ಹಾಗೆ ಎರಡೂ ಕೈ ಚಾಚಿ ತಟ್ಟೆಯ ಮೇಲೆ ಕವಿದುಕೊಂಡೆ. ಕೊನೆಯ ತುರಿ ನನ್ನ ಮುಂಗೈ ಮೇಲೆ ಬಿತ್ತು.

ಹುಡುಗ ಮಣೆ ಕೆಳಗಿಳಿಸಿ ಮೊದಲ ಸಲ ಕನ್ನಡದಲ್ಲಿ ನಕ್ಕ. "ಸಾಕು ಅನ್ನೋ ತನಕ ತುರೀಬೇಕು ಅಂತ ಹೇಳ್ಕೊಟ್ಟಿದಾರೆ ಸಾರ್. ನಮ್ದು ಅರಸೀಕೆರೆ ಕಡೆ." ಆಲ್ಯೊ ಓಲ್ಯೊಗೆ ಸಂಪ್ರದಾಯಸ್ಥರು ಚೀಸನ್ನು ಸೋಕಿಸುವುದೂ ಇಲ್ಲ ಎಂದು ಮಗಳು ಆಮೇಲೆ ತಣ್ಣಗೆ ತಿಳಿಸಿದಳು.

ತಿನ್ನುತ್ತಾ ಅವಳು ಆನ್ಸೆಲ್ ಕೀಸ್ ಎಂಬ ಅಮೆರಿಕದ ವಿಜ್ಞಾನಿಯ ಕಥೆ ಹೇಳಿದಳು. ದಕ್ಷಿಣ ಇಟಲಿಯವರ ಊಟವನ್ನೂ ಹೃದಯವನ್ನೂ ಜೊತೆಯಲ್ಲಿಟ್ಟು ನೋಡಿದವನು ಅವನು. ಮೆಡಿಟರೇನಿಯನ್ ಊಟ ಎಂದು ಈಗ ಜಗತ್ತೆಲ್ಲ ಹೇಳುವುದು ಆ ಬಡವರ ಊಟವನ್ನೇ: ಕಾಳು, ಸೊಪ್ಪು, ತರಕಾರಿ, ಸ್ವಲ್ಪ ಮೀನು. 2010ರಲ್ಲಿ ಯುನೆಸ್ಕೊ ಅದನ್ನು ಪರಂಪರೆಯ ಪಟ್ಟಿಗೇ ಸೇರಿಸಿತು. ಕೀಸ್ ಅಲ್ಲಿಯ ಪಿಯೊಪ್ಪಿ ಎಂಬ ಹಳ್ಳಿಯಲ್ಲಿ ಮನೆ ಮಾಡಿ, ಅವರಂತೆ ಉಂಡು, ನೂರು ವರ್ಷ ಬದುಕಿದ. ಆ ಹಳ್ಳಿಗಳಲ್ಲಿ ಚೀಸು ಅಂದರೆ ನಮ್ಮಲ್ಲಿ ತುಪ್ಪದ ಹಾಗೆ, ಮಿಳ್ಳೆಯಲ್ಲಿ ಬರಬೇಕಾದ್ದು. ಹೋಟೆಲಿನ ಇಟಲಿ ಎಂದರೆ ಮದುವೆಮನೆ. ನಮ್ಮ ಮದುವೆ ಊಟ ಮಾತ್ರ ಉಂಡ ಪರದೇಶದವನು, ಕನ್ನಡದವರು ದಿನಾ ಹೋಳಿಗೆ, ಚಿರೋಟಿ ತಿನ್ನುತ್ತಾರೆ, ಬಸ್ಸಾರು ಎಂಬುದನ್ನೇ ಕಂಡಿಲ್ಲ ಎಂದು ಬರೆದುಕೊಂಡು ಹೋದರೆ ಹೇಗೆ, ಹಾಗೆ.

ಕೊನೆಗೆ ಅದೇ ಹುಡುಗ ಸಿಹಿಯ ಪಟ್ಟಿ ತಂದ. ತಿರಾಮಿಸು ತರಲೇ ಎಂದ. ಪಕ್ಕದ ಮೇಜಿನಲ್ಲಿ ಅದನ್ನು ಆಗಲೇ ನೋಡಿದ್ದೆ. ಕಾಫಿ ಕುಡಿದ ಬಿಸ್ಕತ್ತಿನ ಮೇಲೆ ಮಸ್ಕರ್‌ಪೋನೆಯ ಹಾಸಿಗೆ, ಮೇಲೆ ಕೋಕೋದ ಧೂಳು. ಮನಸ್ಸು ಅಲ್ಲಿಯೇ ಮಲಗಿತ್ತು. ಆದರೂ ಮರ್ಯಾದೆಗೆ "ಬೇಡಪ್ಪಾ" ಎಂದೆ. ನಮ್ಮ ಕಡೆ ಮೊದಲನೆಯ ಬೇಡ ಸಂಕೋಚದ್ದು, ಎರಡನೆಯದು ಶಿಷ್ಟಾಚಾರದ್ದು, ಮೂರನೆಯದರ ಹೊತ್ತಿಗೆ ಎಲೆಗೆ ಬಿದ್ದಿರುತ್ತದೆ. ಅವನು "ಓಕೆ ಸರ್" ಎಂದು ಪಟ್ಟಿ ಮಡಚಿಕೊಂಡು ಹೊರಟೇಹೋದ. ಅರಸೀಕೆರೆಯವನಾಗಿಯೂ! ಅಂದಿನ ನನ್ನ ಅತ್ಯಂತ ಆರೋಗ್ಯಕರ ಆಯ್ಕೆ ನಾನು ಮಾಡಿದ್ದಲ್ಲ, ಆ ಹುಡುಗನ ತರಬೇತಿ ಮಾಡಿದ್ದು. ಬಾಯಿ ಬಿಡದೆ ಕೂತಿದ್ದಕ್ಕೆ ಚೀಸಿನ ಬೆಟ್ಟ ಬಂತು, ಬಾಯಿಮಾತಿಗೆ ಅಂದಿದ್ದಕ್ಕೆ ತಿರಾಮಿಸು ಹೋಯಿತು.

ಮನೆಗೆ ಬಂದಾಗ ಹತ್ತೂವರೆ. ಹೆಂಡತಿ ಅಡುಗೆಮನೆಯಿಂದ, "ಒಂದ್ ತುತ್ತು ಮೊಸರನ್ನ ಹಾಕ್ಲೇನ್ರಿ?" ಎಂದಳು.

"ಬೇಡ" ಎಂದೆ.

ತಟ್ಟೆ ಇಡುವ ಸದ್ದು ಕೇಳಿಸಿತು. ಕೈ ತೊಳೆದುಕೊಂಡು ಹೋಗಿ ಕೂತೆ.