ಕವಣೆಗಲ್ಲಿನ ಮೀಮಾಂಸೆ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಮಾದರಿಗಳ ತೌಲನಿಕ ಅಧ್ಯಯನ

ವಿಷಯ ಪ್ರವೇಶ

ಪಶ್ಚಿಮ ದೇಶಗಳ ಕೋವಿ ಪಂಡಿತರಲ್ಲಿ ಒಂದು ಮಡಿವಂತ ಪಂಥವಿದೆ. ಅಂಗಡಿಯಲ್ಲಿ ತುಂಬಿಸಿ ಮಾರುವ ತೋಟಾವನ್ನು ಇವರು ಮುಟ್ಟುವುದಿಲ್ಲ. ಒಮ್ಮೆ ಹಾರಿಸಿ ಮುಗಿದ ಖಾಲಿ ತೋಟಾಗಳನ್ನು ಬಗ್ಗಿ ಬಗ್ಗಿ ಆಯ್ದು ತಂದು, ತೊಳೆದು, ಕೊರಳು ಕಾಯಿಸಿ, ಅಳತೆಗೆ ಒತ್ತಿ, ಹೊಸ ಕೇಪು ಕೂರಿಸಿ, ಮದ್ದನ್ನು ಹರಳು ಹರಳಾಗಿ ತೂಗಿ ತುಂಬಿ, ಗುಂಡಿಟ್ಟು ಮತ್ತೆ ಹಾರಿಸುತ್ತಾರೆ. ನೂರು ಗಜದಾಚೆಯ ಕಾಗದಕ್ಕೆ ಐದು ಗುಂಡು ಹೊಡೆದರೂ ತೂತು ಒಂದೇ ಇರಬೇಕು ಎಂಬುದು ಇವರ ಮೋಕ್ಷದ ಕಲ್ಪನೆ.

ಆ ಮೋಕ್ಷಕ್ಕೆ ಯಾವ ಕಂಪನಿಯ ಹಿತ್ತಾಳೆ ತೋಟಾ ಸಾಧನ ಎಂಬಲ್ಲಿ ಮತಭೇದ ಹುಟ್ಟುತ್ತದೆ. ಫಿನ್ಲೆಂಡಿನ ಲಾಪುವಾ ಒಂದು ಮತ. ಸ್ವೀಡನ್ನಿನ ನಾರ್ಮಾ ಇನ್ನೊಂದು. ಅಮೆರಿಕದ ವಿಂಚೆಸ್ಟರ್, ಸ್ಟಾರ್‌ಲೈನ್ ಮೊದಲಾದವು ಉಪಮತಗಳು. ಎಲ್ಲದರಲ್ಲೂ ಇರುವುದು ಹೆಚ್ಚುಕಡಿಮೆ 70 ಪಾಲು ತಾಮ್ರ, 30 ಪಾಲು ಸತು. ಲಾಪುವಾದವರು ಕೊರಳನ್ನು ಹದವಾಗಿ ಕಾಯಿಸಿದಾಗ ಬಂದ ಬಣ್ಣವನ್ನು ಒರೆಸದೆ ಹಾಗೇ ಬಿಡುತ್ತಾರೆ. ಭಕ್ತರು ಅದನ್ನೇ ಕುಲದ ಗುರುತೆಂದು ಕಣ್ಣಿಗೊತ್ತಿಕೊಳ್ಳುತ್ತಾರೆ. ಅಗ್ಗದ್ದನ್ನೇ ಮೂಟೆಗಟ್ಟಲೆ ಕೊಂಡು, ತೂಗಿ, ಒಂದೇ ತೂಕದವನ್ನು ಬೇರೆ ಮಾಡಿದರೆ ಅದೇ ಫಲ ಎಂಬುದು ಎದುರು ಪಕ್ಷ. ತೋಟಾದ ಗೋಡೆ ದಪ್ಪವಾದರೆ ಒಳಗಿನ ಜಾಗ ಕಿರಿದು. ಜಾಗ ಕಿರಿದಾದರೆ ಒತ್ತಡ ಹೆಚ್ಚು. ಒತ್ತಡ ಹೆಚ್ಚಿದರೆ ಗುಂಡಿನ ವೇಗ ಬೇರೆ. ವೇಗ ಬೇರೆಯಾದರೆ ತೂತು ಎರಡಾಗುತ್ತದೆ. ತೂತು ಎರಡಾದವನಿಗೆ ಪುನರ್ಜನ್ಮ ತಪ್ಪಿದ್ದಲ್ಲ.

ಇಂಥ ಸೂಕ್ಷ್ಮ ಶಾಸ್ತ್ರ ತುಮಕೂರು ಜಿಲ್ಲೆಯ ಉತ್ತರದ ನಾಲ್ಕು ತಾಲ್ಲೂಕುಗಳಲ್ಲಿ ಏಕೆ ಬೆಳೆಯಲಿಲ್ಲ ಎಂಬ ಪ್ರಶ್ನೆಯನ್ನು ಇದುವರೆಗಿನ ಸಂಶೋಧಕರು ಎತ್ತಿಲ್ಲ. ಉತ್ತರ ಸರಳವಾಗಿದೆ. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ನಿನ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಬೆಳೆ ರಕ್ಷಣೆಗೆಂದು ಹಿಂದೆ ಯಾರಿಗೋ ಕೊಟ್ಟ ಒಂಟಿನಳಿಗೆ ಬಂದೂಕು ಊರಿಗೊಂದು ಎರಡು ಇದ್ದರೂ ಚುನಾವಣೆ ಘೋಷಣೆಯಾದ ಕೂಡಲೇ ಅದನ್ನು ಸಾಮಾನ್ಯವಾಗಿ ಪೊಲೀಸ್ ಠಾಣೆಗೆ ಒಪ್ಪಿಸಬೇಕಾಗುತ್ತದೆ. ನೀತಿ ಸಂಹಿತೆ ಜಾರಿಯಲ್ಲಿರುವಷ್ಟು ದಿನ ಕಡಲೆಕಾಯಿ ಹೊಲಕ್ಕೆ ಬರುವುದಿಲ್ಲವೆಂದು ಕಾಡುಹಂದಿಗಳು ಯಾವ ಅಧಿಕಾರಿಗೂ ಬರೆದುಕೊಟ್ಟಿಲ್ಲ. ಹೀಗಾಗಿ ಈ ಸೀಮೆಯಲ್ಲಿ ಕೈಯಿಂದ ತುಂಬಿಸಿ ಹಾರಿಸುವ, ಎಲ್ಲ ಕಾಲಕ್ಕೂ ದಕ್ಕುವ ಸಾಧನ ಒಂದೇ: ಕವಣೆ.

ಅದೇ ಕಾಯ್ದೆಯ 2ನೇ ಸೆಕ್ಷನ್ ಮನೆಬಳಕೆಗೆ ಅಥವಾ ಬೇಸಾಯಕ್ಕೆಂದೇ ಮಾಡಿದ ವಸ್ತುಗಳನ್ನು, ಲಾಠಿ ಮತ್ತು ಊರುಗೋಲುಗಳ ಸಾಲಿನಲ್ಲಿ, ಆಯುಧದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಕತ್ತಾಳೆ ನಾರಿನ ಕವಣೆಯನ್ನು ಬೇಸಾಯದ ವಸ್ತುವೆಂದು ವಾದಿಸಲು ಪ್ರಸ್ತುತ ಲೇಖಕ ಸಿದ್ಧನಿದ್ದಾನೆ. ವಕೀಲರ ಖರ್ಚು ಓದುಗರದು.

ಪೂರ್ವಸೂರಿಗಳು

ಹಳೆಯ ಗ್ರೀಕರು ಕವಣೆಗೆ ಸೀಸದ ಗುಂಡು ಎರಕ ಹೊಯ್ಯುತ್ತಿದ್ದರು. ಕೆಲವು ಗುಂಡಿನ ಮೇಲೆ ಗ್ರೀಕ್ ಭಾಷೆಯಲ್ಲಿ ‘ತಗೋ’ ಎಂಬರ್ಥದ ಪದವನ್ನು ಅಚ್ಚೊತ್ತಿದ್ದಾರೆ. ಇಂದಿನ ತೋಟಾದ ಬುಡದಲ್ಲಿ ಕಂಪನಿಯ ಹೆಸರು ಕೊರೆಯುವ ಪದ್ಧತಿಗೆ ಇದನ್ನೇ ಮೂಲವೆಂದು ಹಿಡಿಯಲು ಅಡ್ಡಿಯಿಲ್ಲ. ನಮ್ಮ ಕಲ್ಲುಗಳ ಮೇಲೆ ಯಾವ ಮುದ್ರೆಯೂ ಇಲ್ಲ. ಎಸೆಯುವವರು ಬಾಯಲ್ಲೇ ಹೇಳಿಬಿಡುತ್ತಾರೆ, ಅದೂ ಗ್ರೀಕರು ಅಚ್ಚೊತ್ತಲು ಸಂಕೋಚಪಡುವಂಥ ಮಾತಿನಲ್ಲಿ.

1800ರಲ್ಲಿ ಸಮೀಕ್ಷೆಗೆಂದು ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬ್ಯೂಕನನ್ ಇಲ್ಲಿನ ಜನ ಮಳೆಗಾಲದ ಹಳ್ಳಗಳು ತಂದು ಹಾಕುವ ಕರಿಮರಳಿನಿಂದ ಕಬ್ಬಿಣ ತೆಗೆಯುವುದನ್ನು, ಉಕ್ಕು ಮಾಡುವುದನ್ನು ಬರೆದಿಟ್ಟ. ಕವಣೆಗಲ್ಲುಗಳ ತುಲನೆಯನ್ನು ಮಾತ್ರ ಬಿಟ್ಟ. ಆ ಕೊರತೆ ಇಲ್ಲಿ ನೀಗುತ್ತಿದೆ.

ಮಾದರಿಗಳು

ಕೋವಿ ಪಂಡಿತರು ಪ್ರಾಣಕ್ಕಿಂತ ಹೆಚ್ಚಾಗಿ ಕಾಪಾಡುವುದು ‘ಒಂದೇ ಕಂತಿನ ಮಾಲು’ ಎಂಬ ತತ್ವವನ್ನು. ಒಂದೇ ದಿನ, ಒಂದೇ ಯಂತ್ರದಲ್ಲಿ ತಯಾರಾದ ಹಿತ್ತಾಳೆಯಾದರೆ ಮಾತ್ರ ಅವರಿಗೆ ನಿದ್ದೆ. ಈ ವಿಷಯದಲ್ಲಿ ನಮ್ಮ ತಾಲ್ಲೂಕುಗಳನ್ನು ಮೀರಿಸುವ ಕಾರ್ಖಾನೆ ಭೂಮಿಯ ಮೇಲಿಲ್ಲ. ರಾಮನಗರಕ್ಕೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದ ಕಾಲದಲ್ಲಿ ಭೂವಿಜ್ಞಾನಿಗಳು ಹೆಸರಿಟ್ಟ ಕ್ಲೋಸ್‌ಪೇಟೆ ಗ್ರಾನೈಟ್ ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಪಟ್ಟೆಯಾಗಿ ಹರಡಿದೆ. ಕೊರಟಗೆರೆ, ಮಧುಗಿರಿ, ಪಾವಗಡ ಮೂರೂ ಇದರ ಮೇಲೆ ಕುಳಿತಿವೆ. ಸುಮಾರು 250 ಕೋಟಿ ವರ್ಷದ ಹಿಂದೆ ಬಿಡುಗಡೆಯಾದ ಕಂತು. ಆಮೇಲೆ ಸರಬರಾಜು ನಿಂತಿಲ್ಲ. ಪಟ್ಟೆಯ ಪಡುವಣಕ್ಕಿರುವ ಶಿರಾದಲ್ಲಿ ಅದಕ್ಕಿಂತಲೂ ಹಳೆಯ ನೈಸ್ ಶಿಲೆ. ಈ ಹಿರಿತನದ ಕಾರಣಕ್ಕೆ ಶಿರಾದವರು ಉಳಿದ ಮೂವರನ್ನು ‘ನೆನ್ನೆ ಮೊನ್ನೆ ಬಂದೋರು’ ಎಂದು ಕರೆಯುವುದು ನ್ಯಾಯವೇ.

ಮಧುಗಿರಿ ಮಾದರಿ. ಏಕಶಿಲಾ ಬೆಟ್ಟದ ಮೈ ಬಿಸಿಲಿಗೆ ಕಾದು, ಮಳೆಗೆ ತಣಿದು, ಪದರ ಪದರವಾಗಿ ಸಿಪ್ಪೆ ಏಳುತ್ತದೆ. ಆ ಸಿಪ್ಪೆಯ ಚೂರೇ ಇಲ್ಲಿನ ಕವಣೆಗಲ್ಲು. ಚಪ್ಪಟೆ, ಅಂಚು ಚೂಪು, ನಡುವೆ ನಸುಗೆಂಪು ಹರಳು. ನೋಡಲು ಬಲು ಲಕ್ಷಣ, ಗುಣದಲ್ಲಿ ಚಂಚಲ. ಕವಣೆ ಬಿಟ್ಟ ಮೇಲೆ ಗಾಳಿ ಹಿಡಿದು ಬಲಕ್ಕೋ ಎಡಕ್ಕೋ ವಾಲುತ್ತದೆ. ಬಿದನೂರಿನ ರಾಣಿ ವೀರಮ್ಮಾಜಿಯನ್ನು ಹೈದರಾಲಿ 1763ರಲ್ಲಿ ಸೆರೆಹಿಡಿದು ಇಟ್ಟದ್ದು ಈ ಬೆಟ್ಟದ ಕೋಟೆಯಲ್ಲಿ. 1767ರಲ್ಲಿ ಮರಾಠರು ಬಂದು ಬಿಡಿಸಿದರು. ಕೋಟೆಯ ಕಾವಲಿನವರು ಊರಿನ ಕಲ್ಲನ್ನೇ ನೆಚ್ಚಿದ್ದರಿಂದ ಸೋತರೆಂದು ಪ್ರಸ್ತುತ ಲೇಖಕನ ಗುಮಾನಿ. ಪುರಾವೆ ಕೇಳುವವರು ಸಂಶೋಧನೆಗೆ ತಕ್ಕವರಲ್ಲ.

ಶಿರಾ ಮಾದರಿ. ಕೆಮ್ಮಣ್ಣಿನ ಹೊಲದಲ್ಲಿ ಉತ್ತಷ್ಟೂ ಏಳುವ ಬಿಳಿ ಬೆಣಚುಕಲ್ಲು. ಗಟ್ಟಿ, ಮುಸ್ಸಂಜೆಯಲ್ಲೂ ಎಲ್ಲಿ ಬಿತ್ತೆಂದು ಕಾಣುತ್ತದೆ. 1687ರಿಂದ 1757ರವರೆಗೆ ಮೊಗಲರ ಸುಬಾದ ರಾಜಧಾನಿಯಾಗಿದ್ದ ಊರಾದ್ದರಿಂದ ಈ ಕಲ್ಲಿನಲ್ಲಿ ಒಂದು ದರಬಾರಿನ ಗತ್ತು ಉಳಿದಿದೆ: ಹೋದ ಕಡೆ ಹೋಗುತ್ತದೆ, ಯಾರನ್ನೂ ಕೇಳುವುದಿಲ್ಲ. ಇದೇ ತಾಲ್ಲೂಕಿನ ಕಗ್ಗಲಡುವಿನಲ್ಲಿ ಮಾತ್ರ ಕವಣೆ ಪರೀಕ್ಷೆ ನಡೆಸಲಾಗಲಿಲ್ಲ. ಅಲ್ಲಿ ಊರ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರವರು ಅವನ್ನು ಕಾಯುತ್ತಾರೆ. ಕೈಯಲ್ಲಿ ಕವಣೆ ಹಿಡಿದ ವಿದ್ವಾಂಸನನ್ನು ಅವರು ವಿದ್ವಾಂಸನೆಂದು ಗುರುತಿಸುವ ಸಂಭವ ಕಡಿಮೆ.

ಕೊರಟಗೆರೆ ಮಾದರಿ. ಜಯಮಂಗಲಿ, ಸುವರ್ಣಮುಖಿ ಹೊಳೆಗಳ ಗುಂಡುಕಲ್ಲು. ನೀರು ಉರುಳಿಸಿ ಉರುಳಿಸಿ ಕೋನವನ್ನೆಲ್ಲ ತಿಂದಿರುವುದರಿಂದ ಬೆರಳಿಗೂ ಹಿತ, ಗಾಳಿಗೂ ಹಿತ. ಕೋವಿ ಪಂಡಿತರು ಜರಡಿ, ತಕ್ಕಡಿ, ಕ್ಯಾಲಿಪರ್ ಹಿಡಿದು ಮಾಡುವ ವಿಂಗಡಣೆಯನ್ನು ಇಲ್ಲಿ ಮರಳು ವ್ಯಾಪಾರಸ್ಥರು ಉಚಿತವಾಗಿ ಮಾಡಿಕೊಟ್ಟಿದ್ದಾರೆ. ಸಣ್ಣದ್ದೆಲ್ಲ ಲಾರಿ ಹತ್ತಿ ಬೆಂಗಳೂರಿನ ಅಪಾರ್ಟ್‌ಮೆಂಟಾಗಿದೆ. ಜರಡಿಯಲ್ಲಿ ನಿಂತ ಒಂದೇ ಗಾತ್ರದ ಕಲ್ಲುಗಳು ಹೊಳೆಯಲ್ಲಿ ನಮಗಾಗಿ ಕಾದಿವೆ. ವಿಜ್ಞಾನಕ್ಕೆ ಇಷ್ಟು ದೊಡ್ಡ ಉಪಕಾರ ಮಾಡಿದವರನ್ನು ಅಧಿಕಾರಿಗಳು ಆಗೊಮ್ಮೆ ಈಗೊಮ್ಮೆ ಹಿಡಿದು ದಂಡ ಹಾಕುವುದು ವಿಷಾದನೀಯ.

ಪಾವಗಡ ಮಾದರಿ. ಮೂರು ಕಡೆ ಆಂಧ್ರ ಸುತ್ತಿರುವ ತಾಲ್ಲೂಕಿನಲ್ಲಿ ಜೋರಾಗಿ ಬೀಸಿದ ಕಲ್ಲು ಅಂತರರಾಜ್ಯ ವ್ಯವಹಾರವಾಗುತ್ತದೆ. ಗಡಿಯ ಹೊಲದಿಂದ ಕನ್ನಡದಲ್ಲಿ ಹೋದದ್ದು ತೆಲುಗಿನಲ್ಲಿ ಮರಳಿ ಬರುತ್ತದೆ. ಪಾವಗಡದವರಿಗೆ ಎರಡೂ ಬರುವುದರಿಂದ ನಷ್ಟವಿಲ್ಲ. ಇಲ್ಲಿ ತೊಡಕು ಬೇರೆ. ನಾಗಲಮಡಿಕೆ ಹೋಬಳಿಯಲ್ಲಿ 13,000 ಎಕರೆ ಜಮೀನು ಈಗ 2,050 ಮೆಗಾವಾಟ್‌ನ ಸೌರ ಉದ್ಯಾನ. ರೈತರು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆಗೆ ನೆಲ ಕೊಟ್ಟಿದ್ದಾರೆ. ಕಾಯಲು ಕಡಲೆಕಾಯಿ ಇಲ್ಲ, ಎಸೆಯಲು ಜಾಗವಿಲ್ಲ. ಎತ್ತ ಬೀಸಿದರೂ ಗಾಜು. ಒಂದು ತಪ್ಪಿದ ಕಲ್ಲಿನ ಬೆಲೆ ಬಹುಶಃ ಎಸೆದವನ ಗುತ್ತಿಗೆ ಹಣದಲ್ಲೇ ವಜಾ ಆದೀತು. ಈ ಮಾದರಿಯನ್ನು ಗೌರವಪೂರ್ವಕವಾಗಿ ಸ್ಪರ್ಧೆಯಿಂದ ಹೊರಗಿಡಲಾಗಿದೆ.

ಬಾಳಿಕೆ ಮತ್ತು ಕೊಟ್ಟಿಗೆ ಪರೀಕ್ಷೆ

ಹಿತ್ತಾಳೆಯ ದೊಡ್ಡ ಗುಣ ಮರುಭರ್ತಿ; ದೊಡ್ಡ ದೋಷ ಬಿರುಕು. ಈ ದೋಷಕ್ಕೂ ನಮ್ಮ ದೇಶಕ್ಕೂ ಹಳೆಯ ಸಂಬಂಧವಿದೆ. ಬ್ರಿಟಿಷರ ಕಾಲದಲ್ಲಿ ಇಲ್ಲಿನ ದಂಡುಗಳು ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದವು. ಮಳೆ ನಿಂತು ತೆಗೆದು ನೋಡಿದರೆ ಯಾರೂ ಮುಟ್ಟದ ತೋಟಾಗಳು ತಾವಾಗಿ ಸೀಳಿರುತ್ತಿದ್ದವು. ಋತುಮಾನದ ದೋಷವೆಂದು ಹೆಸರಿಟ್ಟು ಸುಮ್ಮನಾದರು. ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು 1921ರಲ್ಲಿ ಕಾರಣ ಬಿಡಿಸಿ ಹೇಳಿದರು: ಕುದುರೆ ಗಂಜಳದಿಂದ ಏಳುವ ಅಮೋನಿಯ, ತೋಟಾ ಎಳೆದು ಮಾಡುವಾಗ ಹಿತ್ತಾಳೆಯೊಳಗೆ ಉಳಿದ ಬಿಗುವು, ಎರಡೂ ಕೂಡಿ ಸೀಳುತ್ತವೆ. ಕಾಯಿಸಿ ಬಿಗುವು ಬಿಡಿಸಿದರೆ ಸೀಳುವುದಿಲ್ಲ. ಸಾಮ್ರಾಜ್ಯವನ್ನು ಶತ್ರುಗಳಿಗಿಂತ ಹೆಚ್ಚು ಕಾಡಿದ್ದು ಅದರದೇ ಕುದುರೆ ಎಂಬುದು ಯಾವ ಪಠ್ಯಪುಸ್ತಕದಲ್ಲೂ ಬಂದಂತಿಲ್ಲ.

ಈ ಪರೀಕ್ಷೆಯನ್ನು ನಮ್ಮ ಮಾದರಿಗಳಿಗೂ ಒಡ್ಡಬೇಕಾಯಿತು. ಉಳಿದ ಮೂರು ತಾಲ್ಲೂಕಿನ ಕಲ್ಲುಗಳನ್ನು ಒಂದು ದನದ ಕೊಟ್ಟಿಗೆಯಲ್ಲಿ, ಗಂಜಳ ಹರಿಯುವ ಕಾಲುವೆಯ ಪಕ್ಕ, ಇಡೀ ಮಳೆಗಾಲ ಇಡಲಾಯಿತು. ಕಲ್ಲುಗಳು ಸೀಳಲಿಲ್ಲ. ಕೊಟ್ಟಿಗೆಯ ಒಡತಿ ಮಾತ್ರ ತಾಳ್ಮೆ ಕಳೆದುಕೊಂಡು ಕೆಲವನ್ನು ತಿಪ್ಪೆಗೆ ಎಸೆದರು. ದತ್ತಾಂಶಕ್ಕೆ ಅಷ್ಟರಮಟ್ಟಿಗೆ ಧಕ್ಕೆಯಾಗಿದೆ. ತೊಳೆಯುವ ವಿಷಯದಲ್ಲಿ ಕೋವಿ ಪಂಡಿತರು ಮೆಕ್ಕೆಜೋಳದ ದಿಂಡಿನ ಪುಡಿ, ಅಕ್ರೋಟಿನ ಚಿಪ್ಪು, ಸಿಟ್ರಿಕ್ ಆಮ್ಲ ಎಂದು ಬಡಿದಾಡುತ್ತಾರೆ. ಹುಣಸೆಹಣ್ಣಿನ ಜಿಲ್ಲೆಯಲ್ಲಿ ಹಿತ್ತಾಳೆ ಚೊಂಬು ಬೆಳಗಿದ ಯಾವ ಹೆಂಗಸೂ ಆ ವಾದವನ್ನು ಅರ್ಧ ಗಳಿಗೆಯಲ್ಲಿ ಮುಗಿಸಿಯಾಳು.

ಮರುಬಳಕೆಯಲ್ಲಂತೂ ಹೋಲಿಕೆಯೇ ಸಲ್ಲದು. ಒಳ್ಳೆಯ ಹಿತ್ತಾಳೆಯೂ ಹತ್ತಾರು ಸಲ ತುಂಬಿಸಿದ ಮೇಲೆ ಕೇಪಿನ ಗುಳಿ ಸಡಿಲವಾಗಿ ಕೆಲಸಕ್ಕೆ ಬಾರದಾಗುತ್ತದೆ. ಕವಣೆಗಲ್ಲು ಪಕ್ಕದ ಹೊಲಕ್ಕೆ ಬೀಳುತ್ತದೆ. ಆ ಹೊಲದವನೂ ರಾತ್ರಿ ಅಟ್ಟಣೆ ಹತ್ತಿರುತ್ತಾನೆ. ಕೈಗೆ ಸಿಕ್ಕ ಕಲ್ಲನ್ನು ಇತ್ತ ಬೀಸುತ್ತಾನೆ. ಅಣ್ಣತಮ್ಮಂದಿರು ಪಾಲಾದ ಹೊಲಗಳ ನಡುವೆ ಒಂದೇ ಕಲ್ಲು ತಲೆಮಾರಿನಿಂದ ಓಡಾಡಿಕೊಂಡಿರುವುದು ಅಸಂಭವವಲ್ಲ. ಹಂದಿ ಇಬ್ಬರ ಹೊಲದಲ್ಲೂ ಉಂಡು ಹೋಗುತ್ತದೆ, ಅದು ಬೇರೆ ಮಾತು.

ನಿಖರತೆಯ ಪ್ರಶ್ನೆ

ಇಲ್ಲಿಯವರೆಗೆ ಪ್ರಬಂಧ ಪಶ್ಚಿಮದ ಹಾದಿಯಲ್ಲೇ ಬಂದಿತು. ಇನ್ನು ಬೇರ್ಪಡಬೇಕು. ಕೋವಿ ಪಂಡಿತರಿಗೆ ನಿಖರತೆ ಎಂದರೆ ತಾಗುವುದು. ಅಟ್ಟಣೆಯ ಮೇಲಿರುವವರಿಗೆ ತಾಗಿದರೆ ಕೆಟ್ಟಂತೆ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 798 ಎಕರೆಯ ಹುಲ್ಲುಗಾವಲು 2007ರಿಂದ ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶ. ಕೃಷ್ಣಮೃಗಕ್ಕೆ ಎಕರೆಯ ಲೆಕ್ಕ ಗೊತ್ತಿಲ್ಲ. ಸುತ್ತಲ ಹೊಲಕ್ಕೂ ಬರುತ್ತದೆ. ನವಿಲಂತೂ ನಾಲ್ಕೂ ತಾಲ್ಲೂಕಿನಲ್ಲಿ ಬಿತ್ತಿದ ಬೀಜವನ್ನೇ ಕೆದಕಿ ತಿನ್ನುತ್ತದೆ. ಎರಡೂ 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಆ ಕಾಯ್ದೆ ಬೇಟೆಯ ವ್ಯಾಖ್ಯೆಯೊಳಗೆ ಬೇಟೆಯ ಯತ್ನವನ್ನೂ ಸೇರಿಸಿದೆ. ಅಂದಮೇಲೆ ತರ್ಕ ಹೀಗೆ ಸಾಗುತ್ತದೆ: ಗುರಿಯಿಟ್ಟು ತಾಗಿದ ಕಲ್ಲು ಅಪರಾಧ. ಗುರಿಯಿಟ್ಟು ತಪ್ಪಿದ ಕಲ್ಲೂ ಅಪರಾಧ. ತಪ್ಪಬೇಕೆಂದೇ ಗುರಿಯಿಟ್ಟು, ಅಂದುಕೊಂಡಷ್ಟೇ ದೂರದಲ್ಲಿ ತಪ್ಪಿದ ಕಲ್ಲು ಮಾತ್ರ ನಿರ್ದೋಷಿ. ಹತ್ತಿರ ಬಿದ್ದರೆ ಜೈಲು, ದೂರ ಬಿದ್ದರೆ ಕೃಷ್ಣಮೃಗ ಕತ್ತೆತ್ತುವುದೂ ಇಲ್ಲ. ಈ ಎರಡರ ನಡುವಿನ ಒಂದು ಮಾರು ಜಾಗದಲ್ಲಿ, ಕತ್ತಲಲ್ಲಿ, ನಿದ್ದೆಗಣ್ಣಲ್ಲಿ, ಇರುಳೆಲ್ಲ ಕಲ್ಲು ಬೀಳಿಸುವ ವಿದ್ಯೆಯ ಮುಂದೆ ಒಂದೇ ತೂತಿನ ಸಾಧನೆ ಮಕ್ಕಳಾಟ.

ಈ ಮಾನದಂಡಕ್ಕೆ ಒಡ್ಡಿದಾಗ ಮಧುಗಿರಿಯ ಚಪ್ಪಟೆ ಕಲ್ಲು ಮೊದಲ ಸುತ್ತಿನಲ್ಲೇ ಬಿದ್ದುಹೋಯಿತು. ವಾಲುವ ಕಲ್ಲು ಅಕಸ್ಮಾತ್ ತಾಗಿಬಿಡುವ ಅಪಾಯವಿದೆ. ಕೊರಟಗೆರೆಯ ಗುಂಡುಕಲ್ಲು ಹೇಳಿದ ಕಡೆ ತಪ್ಪುತ್ತದೆ. ಶಿರಾದ ಬೆಣಚು ತಪ್ಪಿದ್ದು ಮಹಜರಿನಲ್ಲಿ ತೋರಿಸುವಷ್ಟು ಸ್ಪಷ್ಟವಾಗಿ ಕಾಣುತ್ತದೆ. ಇವೆರಡರಲ್ಲಿ ಯಾವುದು ಮೇಲೆಂದು ನಿರ್ಧರಿಸಲು, ಜೋಳದ ಹೊಲ ಕಾಯುವುದರಲ್ಲೇ ಕೂದಲು ನರೆಸಿಕೊಂಡ ಒಬ್ಬ ಅಜ್ಜಿಯನ್ನು ಪ್ರಧಾನ ಮಾಹಿತಿದಾರಳಾಗಿ ಆರಿಸಿಕೊಳ್ಳಲಾಯಿತು. ಎರಡು ಕಲ್ಲನ್ನೂ ಗುಲಗಂಜಿಯ ಲೆಕ್ಕದಲ್ಲಿ ತೂಗಿ, ಸುತ್ತಳತೆ ಬರೆದು ಅವರ ಮುಂದಿಟ್ಟದ್ದಾಯಿತು.

“ಅಜ್ಜಿ, ಇದರಲ್ಲಿ ಯಾವುದು ಒಳ್ಳೇದು?”

“ಇವ್ಯಾಕಪ್ಪ? ಎಂಟೆ ಇಲ್ವಾ?” ಎಂದರು.

ಉತ್ತ ಹೊಲದಲ್ಲಿ ಒಣಗಿದ ಮಣ್ಣಿನ ಹೆಂಟೆಯೊಂದನ್ನು ಎತ್ತಿ ಕವಣೆಗಿಟ್ಟು ಬೀಸಿದರು. ತುದಿ ಛಟೀರೆಂದಿತು. ಹೆಂಟೆ ಹೋಗುತ್ತಾ ಹೋಗುತ್ತಾ ಮುರಿದು ಚೂರು ಚೂರಾಗಿ ಜೋಳದ ಗರಿಗಳ ಮೇಲೆ ಜಡಿಮಳೆಯಂತೆ ಸುರಿಯಿತು. ಗಿಳಿಗಳ ದಂಡು ಒಟ್ಟಿಗೆ ಎದ್ದು ಹೋಯಿತು. ಒಂದಕ್ಕೂ ತಾಗಲಿಲ್ಲ. ಆಯ್ದು ತರುವ ಗೋಜಿಲ್ಲ, ಮಣ್ಣು ಹೊಲದಲ್ಲೇ ಉಳಿಯಿತು. “ಕಲ್ಲಾದ್ರೆ ಪಕ್ಕದೋನ್ ದನಿಗ್ ಬಿದ್ದು ಜಗ್ಳ ಆಯ್ತದೆ. ಎಂಟೆಗೆ ಯಾರ್ ಬತ್ತಾರೆ?” ಎಂದೂ ಸೇರಿಸಿದರು.

ನಾಲ್ಕೂ ತಾಲ್ಲೂಕಿನಲ್ಲಿ ಪುಕ್ಕಟೆ ಸಿಗುವ, ಯಾವ ಮುದ್ರೆಯೂ ಇಲ್ಲದ, ಎರಡನೇ ಸಲ ಬಳಸಲು ಬಾರದ ಈ ಹೆಂಟೆ ಎಲ್ಲ ಅಂಕಣಗಳಲ್ಲೂ ಮೊದಲ ಸ್ಥಾನ ಪಡೆಯುತ್ತದೆ. ಆದರೆ ಪ್ರಬಂಧದ ಶೀರ್ಷಿಕೆ ಕಲ್ಲಿಗೆ ನೋಂದಣಿಯಾಗಿದ್ದು, ನಡುವೆ ಬದಲಿಸಲು ನಿಯಮದಲ್ಲಿ ಅವಕಾಶವಿಲ್ಲ. ಆದ್ದರಿಂದ ಪ್ರಥಮ ಬಹುಮಾನವನ್ನು ಕೊರಟಗೆರೆಗೇ ಕೊಡಲಾಗಿದೆ.

ಮುಂದಿನ ಸಂಪುಟ

ಈಚೆಗೆ ಕಡಲೆಕಾಯಿ ಹೊಲದ ಸುತ್ತ ಗೂಟ ನೆಟ್ಟು ಹಳೇ ಸೀರೆ ಕಟ್ಟುವುದು ಎಲ್ಲ ಕಡೆ ಹಬ್ಬಿದೆ. ಸೀರೆಯ ಅಲುಗಾಟಕ್ಕೆ ಹಂದಿ ಬೆದರುತ್ತದಂತೆ. ಇಳಕಲ್ಲೋ ಮೊಳಕಾಲ್ಮೂರೋ ಸೂರತ್ತಿನ ಪಾಲಿಯೆಸ್ಟರೋ, ಸೆರಗು ಹೊರಕ್ಕಿರಬೇಕೋ ಒಳಕ್ಕೋ, ಹಂದಿಗೆ ಜರತಾರಿಯ ಪರಿಜ್ಞಾನ ಎಷ್ಟು ಎಂಬ ಪ್ರಶ್ನೆಗಳು ವಿದ್ವತ್ ಲೋಕವನ್ನು ಕಾಯುತ್ತಿವೆ. ಮಾದರಿ ಸಂಗ್ರಹದ ಮೊದಲ ಹೆಜ್ಜೆಯಾಗಿ ಅದೇ ಅಜ್ಜಿಯನ್ನು, ಅವರ ಮದುವೆಯ ಸೀರೆಯನ್ನು ಅಧ್ಯಯನಕ್ಕೆ ಕೊಡುತ್ತೀರಾ ಎಂದು ವಿನಯದಿಂದ ಕೇಳಲಾಯಿತು.

“ಮೊದ್ಲು ನಿನ್ನ ಎಂಡ್ರು ಸೀರೆ ತಗಂಡ್ ಬಾ ಓಗಪ್ಪ” ಎಂದರು. ಆ ಮಾದರಿಗೆ ಅನುಮತಿ ಇನ್ನೂ ದೊರೆತಿಲ್ಲ.