ಹುಲ್ಲು ಸರಿಯಿಲ್ಲ ಮೇಷ್ಟ್ರೇ

ಹಿಂದೂಪುರದ ನಮ್ಮ ಸಾಹುಕಾರರಿಗೆ ಗಾಲ್ಫ್ ಅಂಟಿದ್ದು ಕೊರಿಯಾದವರಿಂದ. ಪೆನುಕೊಂಡದ ಎರ್ರಮಂಚಿಯಲ್ಲಿ ಕಿಯಾ ಕಾರ್ಖಾನೆ ಎದ್ದು, 2019ರಲ್ಲಿ ಮೊದಲ ಕಾರು ಹೊರಬಿದ್ದ ಮೇಲೆ ನಮ್ಮ ಸೀಮೆಯಲ್ಲಿ ಯಾರು ಯಾರು ಏನೇನು ಕಲಿತರೋ ಲೆಕ್ಕವಿಲ್ಲ. ಎತ್ತಿನ ಗಾಡಿ ಹೊಡೆಯುತ್ತಿದ್ದವರ ಮಕ್ಕಳು ಫೋರ್ಕ್‌ಲಿಫ್ಟ್ ಕಲಿತರು. ಹೋಟೆಲಿನವರು ಕಿಮ್ಚಿ ಹಾಕುವುದು ಕಲಿತರು. ನಮ್ಮ ಸಾಹುಕಾರರದು ತಂದೆಯ ಕಾಲದಲ್ಲಿ ಹುಣಸೆಹಣ್ಣಿನ ಮಂಡಿ. ಈಗ ತೂಮಕುಂಟೆಯಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಶೆಡ್ಡು. ಕಾರಿನ ಬಿಡಿಭಾಗಕ್ಕೆ ಪೆಟ್ಟಿಗೆ ಬೇಕು, ಪೆಟ್ಟಿಗೆಯ ಆರ್ಡರು ಹಿಡಿಯಲು ಗಾಲ್ಫ್ ಬೇಕು ಎಂದು ಯಾರೋ ಕಿವಿಯಲ್ಲಿ ಊದಿದರು. ಆರ್ಡರು ಬರಲಿಲ್ಲ, ಗಾಲ್ಫ್ ಬಂತು. ನಿಜ ಹೇಳಬೇಕೆಂದರೆ ಗಾಲ್ಫೂ ಬರಲಿಲ್ಲ. ಗಾಲ್ಫಿನವರ ದೂರು ಬಂತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಇವರ ಮೇಲೆ ಹೊರಿಸಿದರೆ ಆ ಹೆಣ್ಣುಮಗಳಿಗೆ ಅನ್ಯಾಯವಾದೀತು. ಆಕೆ ಕುಣಿಯಲು ಎದ್ದಾದರೂ ನಿಂತಿದ್ದಳು. ಸಾಹುಕಾರರು ಗೆಜ್ಜೆ ಕೊಳ್ಳುವ ಮೊದಲೇ ನೆಲ ನೋಡುವ ಜಾತಿ. ಈ ಜಾತಿಯವರು ಊರೂರಲ್ಲೂ ಇದ್ದಾರೆ. ಶ್ರುತಿ ಹಿಡಿಯುವುದಕ್ಕಿಂತ ಮೊದಲು ಮೈಕು ಬೈಯುವುದನ್ನು ಕಲಿತ ಹಾಡುಗಾರರನ್ನು ನಮ್ಮೂರ ರಾಮನವಮಿಯಲ್ಲೇ ನೋಡಿದ್ದೇನೆ. ಆದರೆ ಸಾಹುಕಾರರ ನಿಷ್ಠೆಯೇ ಬೇರೆ. ಅವರು ದೂರಿಗೆ ದುಡ್ಡು ಸುರಿದವರು.

ಭಾನುವಾರ ಕೋಳಿ ಕೂಗುವ ಹೊತ್ತಿಗೆ ಅವರ ಕಾರು ಗೌರಿಬಿದನೂರು ದಾಟಿರುತ್ತದೆ. ನಂದಿಬೆಟ್ಟದ ಕಡೆ ಒಂದು ಗಾಲ್ಫ್ ಮೈದಾನ, ಹೆಸರು ಬೇಡ. ಸೀಟು ಖಾಲಿ ಇದ್ದರೆ ನನಗೂ ಕರೆ ಬರುತ್ತದೆ. "ಬನ್ನಿ ಮೇಷ್ಟ್ರೇ, ಒಳ್ಳೇ ಗಾಳಿ ಕುಡ್ಕೊಂಡು ಬರೋಣ." ಗಾಳಿಯ ಜೊತೆ ಅಲ್ಲಿನ ಇಡ್ಲಿಯೂ ಚೆನ್ನಾಗಿರುವುದರಿಂದ ನಾನು ಹೋಗುತ್ತೇನೆ.

ಗ್ರೀನ್ ಎಂದರೆ ಕುಳಿಯ ಸುತ್ತ ಕತ್ತರಿಸಿದ ಹುಲ್ಲು. ಕ್ಷೌರದಂಗಡಿಯಲ್ಲಿ ಮಷಿನ್ನಿಗೆ ಒಂದನೇ ನಂಬರು ಹಾಕಿಸಿದರೆ ತಲೆಯ ಮೇಲೆ ಎಷ್ಟು ಉಳಿಯುತ್ತದೋ ಅಷ್ಟೇ. ಅವತ್ತು ಚೆಂಡಿಗೂ ಕುಳಿಗೂ ನಡುವೆ ಮೂರು ಹೆಜ್ಜೆ. ಸಾಹುಕಾರರು ಚೆಂಡಿನ ಹಿಂದೆ ಕುಕ್ಕರಗಾಲಲ್ಲಿ ಕೂತರು. ಎದ್ದು, ಕುಳಿಯ ಹಿಂದಕ್ಕೆ ಹೋಗಿ ಅಲ್ಲೂ ಕೂತರು. ಮಂಡಿ ಲಟಕ್ಕೆಂದಿತು. ಒಂದು ಕಣ್ಣು ಮುಚ್ಚಿ ಕೋಲನ್ನು ಎರಡು ಬೆರಳಲ್ಲಿ ತೂಗುಬಿಟ್ಟರು. ನನ್ನ ಕಣ್ಣಿಗೆ ಕಾಣದ ಏನನ್ನೋ ನೆಲದಿಂದ ಚಿವುಟಿ ಆಚೆಗೆಸೆದರು. "ಎಡಕ್ಕೆ ಒಂದು ಬೆರಳು ಸಾರ್" ಎಂದ ಚೀಲ ಹೊರುವ ಕ್ಯಾಡಿ ಹುಡುಗ. ಹೊಡೆದರು. ಚೆಂಡು ಕುಳಿಯನ್ನು ಸವರಿಕೊಂಡು ಅಷ್ಟೇ ದೂರ ಆಚೆ ಹೋಗಿ ನಿಂತಿತು. ಸಾಹುಕಾರರು ಚೆಂಡಿನ ಕಡೆ ನೋಡಲೇ ಇಲ್ಲ, ಹುಲ್ಲನ್ನು ನೋಡಿದರು. "ಗ್ರೀನು ಜೋರಾಗಿದೆ." ಆ ಕಡೆಯಿಂದ ಮತ್ತೆ ಹೊಡೆದರು. ಅರ್ಧ ದಾರಿಯಲ್ಲೇ ನಿಂತಿತು. "ನೋಡಿದ್ರಾ ಮೇಷ್ಟ್ರೇ, ಈ ಕಡೆಯಿಂದ ನಿಧಾನ!"

"ಹೌದು ಸಾರ್, ರಾತ್ರಿ ಇಬ್ಬನಿ ಜಾಸ್ತಿ ಬಿದ್ದಿತ್ತು" ಎಂದ ಹುಡುಗ. ಅವನು ಮುಂದೆ ಬರುತ್ತಾನೆ.

ಹುಲ್ಲಿನ ವೇಗ ಅಳೆಯುವುದಕ್ಕೂ ಒಂದು ಅಳತೆಗೋಲಿದೆ ಎಂಬುದು ನನಗೆ ತಿಳಿದದ್ದು ಸಾಹುಕಾರರಿಂದಲೇ. 1935ರಲ್ಲಿ ಅಮೆರಿಕದ ಓಕ್‌ಮಾಂಟ್ ಮೈದಾನದಲ್ಲಿ ಘಟಾನುಘಟಿಗಳ ಚೆಂಡು ಗ್ರೀನಿನ ಮೇಲೆ ನಿಲ್ಲದೆ ಓಡಿದ್ದನ್ನು ಕಂಡ ಎಡ್ವರ್ಡ್ ಸ್ಟಿಂಪ್ಸನ್ ಎಂಬಾತ ಮಾಡಿದ್ದು ಇದು. ಗಜದುದ್ದದ ಒಂದು ಪಟ್ಟಿ, ನಡುವೆ ಕಾಲುವೆ, ಚೆಂಡಿಗೊಂದು ಗುಳಿ. ಒಂದು ತುದಿ ಮೆಲ್ಲಗೆ ಎತ್ತಿದರೆ ಚೆಂಡು ತಾನಾಗಿ ಜಾರುತ್ತದೆ. ನೆಲದ ಮೇಲೆ ಎಷ್ಟು ಅಡಿ ಉರುಳಿತೋ ಅದೇ ವೇಗ. 1978ರಿಂದ ಅಲ್ಲಿನ ಗಾಲ್ಫ್ ಸಂಘವೇ ಇದನ್ನು ಮೈದಾನಗಳಿಗೆ ಕೊಡತೊಡಗಿತು. ದೊಡ್ಡ ಟೂರ್ನಿಗಳಲ್ಲಿ 11, 12, 13 ಅಡಿ ಸಾಮಾನ್ಯ. ಸಾಹುಕಾರರು ತೂಮಕುಂಟೆಯ ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಅಲ್ಯೂಮಿನಿಯಂ ಕಿಟಕಿಯ ಚಾನಲ್ ಕೊಯ್ಸಿ ಒಂದು ಮಾಡಿಸಿಕೊಂಡರು. ಅದರ ಉದ್ಘಾಟನೆ ಮನೆಯ ಹಾಲಿನ ಗ್ರಾನೈಟಿನ ಮೇಲೆ ನಡೆಯಿತು. ಚೆಂಡು ಹಾಲು ದಾಟಿ, ಹೊಸ್ತಿಲು ಹಾರಿ, ಜಗಲಿ ಇಳಿದು ಮುನಿಸಿಪಾಲಿಟಿ ಚರಂಡಿ ಸೇರಿತು. ಟೇಪು ಸಾಲಲಿಲ್ಲ.

ಇನ್ನು ಮನೆಯ ಮುಂದಿನ ಹುಲ್ಲು. ಹಿಂದೂಪುರದಲ್ಲಿ ನೀರಿನ ಪಾಡು ಗೊತ್ತಿರುವವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಬೆಂಗಳೂರಿನ ನರ್ಸರಿಯಿಂದ ಚಾಪೆಯ ಹಾಗೆ ಸುತ್ತಿ ತಂದ ಆ ಹುಲ್ಲಿಗೆ ಟ್ಯಾಂಕರ್ ನೀರು. ಅವರ ಮನೆಯವರು, ಪುಣ್ಯಾತ್ಗಿತ್ತಿ, ಜೋರಾಗಿ ಮಾತಾಡುವವರಲ್ಲ. ಬಂದವರಿಗೆ ಕಾಫಿ ಕೊಡುತ್ತಾ, "ಮೇಷ್ಟ್ರೇ, ಈ ಮನೇಲಿ ಇನ್ನೊಂದು ಜನ್ಮ ಅಂತ ಸಿಕ್ಕರೆ ಅಲ್ಲಿ, ಆ ಪಾರಿಜಾತದ ಪಕ್ಕ, ಹುಲ್ಲಾಗಿ ಹುಟ್ಟಬೇಕು ನೋಡಿ" ಎಂದು ಒಳಗೆ ಹೋದರು. ಸಾಹುಕಾರರು ಗಂಭೀರವಾಗಿ, "ಪಾರಿಜಾತದ ಪಕ್ಕ ಬೇಡ, ಅಲ್ಲಿ ನೆರಳು. ಹುಲ್ಲು ತೆಳ್ಳಗಾಗುತ್ತೆ" ಎಂದರು.

ಇವರ ಗುರುಗಳು ಟಿ.ವಿ.ಯಲ್ಲಿ ಕಾಣುವ ವೃತ್ತಿಪರ ಆಟಗಾರರು. ಹುಲ್ಲಿನ ಸುಖಕ್ಕೆ ಅವರು ಕೆಟ್ಟಿದ್ದಾರೆಯೇ? ಕೆಟ್ಟಿದ್ದಾರೆ ಎನ್ನಲು ಪುರಾವೆ ಬೇಕಾದಷ್ಟಿದೆ. 2015ರ ಯು.ಎಸ್. ಓಪನ್ ಚೇಂಬರ್ಸ್ ಬೇ ಎಂಬಲ್ಲಿ ನಡೆದಾಗ ಗ್ರೀನು ಉಬ್ಬುತಗ್ಗಾಗಿದೆ ಎಂದು ಗದ್ದಲ. ಬ್ರಾಕೊಲಿಯ ಮೇಲೆ ಚೆಂಡು ಉರುಳಿಸಿದಂತಿದೆ ಎಂದರು ಹೆನ್ರಿಕ್ ಸ್ಟೆನ್ಸನ್. ಅಷ್ಟು ಹಸಿರೆಲ್ಲಿದೆ, ಹೂಕೋಸು ಅನ್ನಿ ಎಂದರು ರೋರಿ ಮ್ಯಾಕಿಲ್‌ರಾಯ್. ತರಕಾರಿ ಯಾವುದೆಂದು ಇತ್ಯರ್ಥವಾಗುವುದರೊಳಗೆ ಜೋರ್ಡನ್ ಸ್ಪೀತ್ ಅದೇ ಹುಲ್ಲಿನ ಮೇಲೆ ಕಪ್ಪು ಗೆದ್ದುಕೊಂಡು ಹೋದರು. ಬಂಕರಿನದು ಇನ್ನೂ ಸೊಗಸು. ತಪ್ಪಿದವನಿಗೆ ಶಿಕ್ಷೆಯಾಗಲೆಂದೇ ಇಟ್ಟ ಮರಳುಗುಂಡಿ ಅದು. ಅದನ್ನೂ ಬಾಚಿ ಬಾಚಿ ಎಷ್ಟು ನಯ ಮಾಡಿದ್ದಾರೆಂದರೆ, ಅಡ್ಡಾದಿಡ್ಡಿ ಹೋದ ಚೆಂಡು ಎತ್ತರದ ಹುಲ್ಲಿಗೆ ಬೀಳುವ ಬದಲು ಮರಳಿಗೇ ಬೀಳಲಿ ಎಂದು ಆಟಗಾರರು ಕೂಗಿ ಬೇಡಿಕೊಳ್ಳುತ್ತಾರೆ. 2006ರಲ್ಲಿ ಜ್ಯಾಕ್ ನಿಕ್ಲಾಸ್ ತಾವೇ ನಡೆಸುವ ಮೆಮೋರಿಯಲ್ ಟೂರ್ನಿಯಲ್ಲಿ ಅಗಲ ಹಲ್ಲಿನ ಹಲುಬೆಯಿಂದ ಮರಳಿಗೆ ಉತ್ತ ಸಾಲು ಎಳೆಸಿದರು. ಶಿಕ್ಷೆ ಶಿಕ್ಷೆಯಂತೆಯೇ ಇರಲಿ ಎಂಬುದು ಮುದುಕರ ನ್ಯಾಯ. ಹುಡುಗರು ಗೊಣಗಿದ್ದೇ ಗೊಣಗಿದ್ದು.

ನಗು ಬರುತ್ತದೆ. ಆದರೂ ಅವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ದಿನವಿಡೀ ಒಂದೇ ಹೊಡೆತವನ್ನು ತಿದ್ದಿದವನಿಗೆ ಚೆಂಡು ತಪ್ಪಿದ್ದು ಕೈಯಿಂದಲೋ ನೆಲದಿಂದಲೋ ಗೊತ್ತಾಗುತ್ತದೆ. ಗ್ರೀನಿನ ಮೇಲಿನ ಒಂದು ಹೊಡೆತದಲ್ಲಿ ಅವನ ವರ್ಷದ ಅನ್ನ ಹೋಗಬಹುದು. ಅಲ್ಲದೆ ಅವರಲ್ಲಿ ಎಲ್ಲರೂ ರತ್ನಗಂಬಳಿಯ ಮೇಲೆ ಕಲಿತವರಲ್ಲ. 5 ಮೇಜರ್ ಟೂರ್ನಿ ಗೆದ್ದ ಸ್ಪೇನಿನ ಸೆವೆ ಬಾಯೆಸ್ಟೆರೋಸ್ ಹುಡುಗನಾಗಿದ್ದಾಗ ಊರ ಕಡಲತಡಿಯ ಮರಳಿನಲ್ಲಿ ಒಂದೇ ಒಂದು ಹಳೆಯ ಐರನ್ ಕೋಲು ಹಿಡಿದು ಕಲಿತವರು. ಬಿಡದಿಯ ಗಾಲ್ಫ್ ಮೈದಾನದ ಮಗ್ಗುಲ ಹಳ್ಳಿಯ ಚಿಕ್ಕರಂಗಪ್ಪ ಬೇರೆಯವರ ಚೆಂಡು ಹೆಕ್ಕುತ್ತಾ ಆಟಕ್ಕೆ ಬಂದು ಏಷ್ಯಾದ ಟೂರ್ನಿಗಳವರೆಗೆ ಹೋದವರು. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಚೀಲ ಹೊತ್ತಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ನನ್ನೇ ಗೆದ್ದರು. ಪ್ಲೇಆಫ್‌ನಲ್ಲಿ ಅವರಿಗೆ ಸೋತದ್ದು ಕೊರಿಯಾದ ಆಟಗಾರ. ಈ ಕೊನೆಯ ಸಂಗತಿಯನ್ನು ಸಾಹುಕಾರರು ಕೊರಿಯಾದ ಒಬ್ಬ ಅಧಿಕಾರಿಯ ಮುಂದೆ ಎದೆಯುಬ್ಬಿಸಿ ಹೇಳಿದ್ದೂ ಉಂಟು. ಆರ್ಡರು ಬಾರದಿದ್ದುದಕ್ಕೆ ಅದೂ ಒಂದು ಕಾರಣವಿದ್ದೀತು.

ನಮ್ಮ ಇಬ್ಬನಿಯ ಹುಡುಗನೂ ಆ ಪೈಕಿಯವನೇ ಎಂದು ನನ್ನ ಗುಮಾನಿ. ಸಾಹುಕಾರರು ಇಡ್ಲಿ ತಿನ್ನಲು ಹೋದಾಗ ಅವರು ಬಿಟ್ಟ ಚೆಂಡನ್ನೇ ಅವರ ಕೋಲಿನಿಂದಲೇ ಅವನು ಒಂದು ತಟ್ಟಿ ಕುಳಿಗೆ ಹಾಕಿದ್ದನ್ನು ಕಂಡೆ. ಕೂರಲಿಲ್ಲ, ಏಳಲಿಲ್ಲ, ಏನನ್ನೂ ಚಿವುಟಲಿಲ್ಲ. ನಾನು ನೋಡಿದ್ದು ಅವನಿಗೆ ಗೊತ್ತಾಯಿತು. "ಸಾರ್‌ಗೆ ಹೇಳಬೇಡಿ" ಎಂದ. ಇಬ್ಬನಿಯ ಬಗ್ಗೆಯೋ ಚೆಂಡಿನ ಬಗ್ಗೆಯೋ ನಾನು ಕೇಳಲಿಲ್ಲ.

ಕಾರ್ತಿಕದಲ್ಲಿ ಸಾಹುಕಾರರ ಭಾಮೈದನ ಮಗಳ ನಿಶ್ಚಿತಾರ್ಥಕ್ಕೆಂದು ಕಲ್ಯಾಣದುರ್ಗಕ್ಕೆ ಹೊರಟೆವು. ಡಿಕ್ಕಿಯಲ್ಲಿ ಹಣ್ಣಿನ ಬುಟ್ಟಿಗೆ ಜಾಗವಿರಲಿಲ್ಲ. ಗಾಲ್ಫ್ ಚೀಲ ಮಲಗಿತ್ತು. ಮಡಕಶಿರಾ, ಪಾವಗಡದ ಮೇಲೆ ದಾರಿ. ಆಂಧ್ರದಿಂದ ಹೊರಟು, ಕರ್ನಾಟಕವನ್ನು ಹೊಕ್ಕು, ಮತ್ತೆ ಆಂಧ್ರದಲ್ಲಿ ಏಳುವುದು. ಬೋರ್ಡಿನ ಲಿಪಿ ಬದಲಾಗುತ್ತದೆ, ಬಂಡೆಗುಡ್ಡ ಬದಲಾಗುವುದಿಲ್ಲ. ಪಾವಗಡದ ಸೋಲಾರ್ ಪಾರ್ಕು 13,000 ಎಕರೆ, 2,050 ಮೆಗಾವಾಟ್ ಎಂದು ನಾನು ವರದಿ ಒಪ್ಪಿಸಿದೆ. "ಎಲ್ಲಾ ಚಪ್ಪಟೆ. ಒಳ್ಳೇ ಫೇರ್‌ವೇ ಹಾಳು ಮಾಡಿದ್ರು" ಎಂದು ಸಾಹುಕಾರರು ನಿಟ್ಟುಸಿರಿಟ್ಟರು.

ಊಟವಾದ ಮೇಲೆ ಭಾಮೈದ ಹೊಲ ತೋರಿಸಲು ಕರೆದೊಯ್ದರು. ಜೈಸಲ್ಮೇರ್ ಬಿಟ್ಟರೆ ಅತಿ ಕಡಿಮೆ ಮಳೆ ನಮ್ಮದೇ ಎಂದು ಹೇಳಿಕೊಳ್ಳುವ ಅನಂತಪುರ ಸೀಮೆಯ ಮಳೆಯಾಶ್ರಿತ ಹೊಲ. ಕೆಂಪು ಗರಸು, ನಡುನಡುವೆ ಮೊಟ್ಟೆಗಾತ್ರದ ಕಲ್ಲು. ಕಡಲೆಕಾಯಿ ಕಿತ್ತಾಗಿತ್ತು, ಅಲ್ಲೊಬ್ಬರು ಇಲ್ಲೊಬ್ಬರು ಹೆಂಗಸರು ಹಕ್ಕಲಾಯುತ್ತಿದ್ದರು. ಸಾಹುಕಾರರು ಚೀಲ ಬಿಚ್ಚಿದರು.

"ಭಾವಾ, ಇಷ್ಟೊಂದು ಕೋಲಾ? ಒಂದು ಸಾಲ್ದಾ?"

"ರೂಲ್ ಪ್ರಕಾರ 14 ಇಟ್ಕೋಬಹುದಪ್ಪಾ."

ಮೊದಲು ಒಂದು ಅಂಗೈಯಗಲದ ಪ್ಲಾಸ್ಟಿಕ್ ಹುಲ್ಲಿನ ತುಂಡು ಹೊರಬಂತು. ಆಸ್ಟ್ರೇಲಿಯಾದ ಕೂಬರ್ ಪೀಡಿ ಎಂಬ ಗಣಿಯೂರಿನ ಗಾಲ್ಫ್ ಮೈದಾನದಲ್ಲಿ ಹುಲ್ಲೇ ಇಲ್ಲವಂತೆ. ಆಡುವವರು ಹುಲ್ಲಿನ ತುಂಡೊಂದನ್ನು ಕೈಯಲ್ಲೇ ಒಯ್ದು, ಅದರ ಮೇಲೆ ಚೆಂಡಿಟ್ಟು ಹೊಡೆಯುತ್ತಾರಂತೆ. ಇದು ನಿಜ. ಸಾಹುಕಾರರು ತುಂಡನ್ನು ಹಾಸಿ, ಚೆಂಡಿಟ್ಟು, ಬೀಸಿದರು. ತುಂಡು ಹಾರಿತು. ಚೆಂಡು ಅಲ್ಲೇ ಉಳಿಯಿತು. "ಕೆಳಗೆ ಹೆಂಟೆ ಇದೆ" ಎಂದರು. ಎರಡನೇ ಸಲ ಚೆಂಡು ಓರೆಯಾಗಿ ಹಕ್ಕಲಾಯುವವರ ಕಡೆ ಉರುಳಿತು. ಒಬ್ಬ ಮುದುಕಿ ಅದನ್ನು ತಿರುವಿ ನೋಡಿ, ಕಡಲೆಕಾಯಿಯ ಜೊತೆಗೇ ಮಡಿಲಿಗೆ ಹಾಕಿಕೊಂಡಳು.

ಭಾಮೈದನಿಗೂ ಕೈ ಕಡಿಯಿತು. ಗುದ್ದಲಿ ಹಿಡಿದ ಕೈ, ಚಿನ್ನಿದಾಂಡಿನಲ್ಲಿ ಹೆಸರು ಮಾಡಿದ ಮನುಷ್ಯ. ಇವರಾದರೂ ಹೊಡೆದಾರು ಎಂದು ನಾನು ಕಾದೆ. ಬೀಸಿದರು. ಗರಸು ಎದ್ದಿತು, ಚೆಂಡು ಏಳಲಿಲ್ಲ. ಇನ್ನೊಮ್ಮೆ ಬೀಸಿದರು. ಆಮೇಲೆ ಕೋಲೂರಿ ನಿಂತು, ಬಾಲ್ಯದಿಂದ ಉತ್ತ ಆ ಹೊಲವನ್ನು ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿದರು. ಮಳೆಯನ್ನು ಬೈದವರು ಅವರು, ಬೀಜದ ಅಂಗಡಿಯವನನ್ನು, ಬೆಳೆವಿಮೆಯವರನ್ನು, ಮಂತ್ರಿಗಳನ್ನು ಬೈದವರು. ನೆಲವನ್ನು ಬೈದದ್ದು ನಾನು ಕೇಳಿರಲಿಲ್ಲ.

"ನೆಲ ಸರಿಯಿಲ್ಲ ಭಾವಾ."

ಸಾಹುಕಾರರು ಓಡಿಬಂದು ತಬ್ಬಿಕೊಂಡರು. "ಬಂತು ನೋಡಿ ಮೇಷ್ಟ್ರೇ! ಇವನಿಗೆ ಆಟ ಬಂತು!"

ಅಲ್ಲಿಂದ ಮಾತು ಮೈದಾನ ಮಾಡುವುದಕ್ಕೇ ಏರಿತು. ಬದುವಿನ ಮೇಲೆ ಕಂಬಳಿ ಹೊದ್ದು ನಿಂತಿದ್ದ ಕುರಿಗಾಹಿಯನ್ನು ಸಾಹುಕಾರರು ಕರೆದರು. ಸ್ಕಾಟ್ಲೆಂಡಿನ ಕಡಲತೀರದಲ್ಲಿ ಗಾಲ್ಫ್ ಹುಟ್ಟಿದ ಕಾಲಕ್ಕೆ ಹುಲ್ಲು ಕತ್ತರಿಸುವ ಯಂತ್ರ ಎಲ್ಲಿತ್ತು, ಕುರಿ ಮೇದೇ ಹುಲ್ಲು ಸಮವಾಗುತ್ತಿತ್ತು ಎಂದು ವಿವರಿಸಿದರು.

"ಹುಲ್ಲೆಲ್ಲೈತೆ ಸೌಕಾರ್ರೇ?"

"ಮಳೆ ಬಂದ್ರೆ ಬರುತ್ತಲ್ಲಪ್ಪ. ಬಂದ ಮೇಲೆ ನಿನ್ನ ಮಂದೆ ಇಲ್ಲಿ ಬಿಡು."

"ಬಿಡ್ತೀನಿ ಸಾಮಿ. ರಾತ್ರಿಗೆ ಏನು ಕೊಡ್ತೀರಿ?"

"ನಾನು ಕೊಡೋದಾ? ಮೇಯೋದು ನಿನ್ನ ಕುರಿ!"

"ಹಿಕ್ಕೆ ನಿಮ್ಮ ಹೊಲಕ್ಕೆ ಬೀಳ್ತೈತಲ್ಲ? ಗೊಬ್ಬರಕ್ಕೆ ಕಾಸಿಲ್ಲದೆ ಮಂದೆ ಯಾರು ಹಾಕ್ತಾರೆ?"

ಸಾಹುಕಾರರಿಗೆ ಕಾಸಿನ ಚಿಂತೆಯಿರಲಿಲ್ಲ, ಗ್ರೀನಿನ ಮೇಲೆ ಹಿಕ್ಕೆಯ ಚಿಂತೆ. ಅದಕ್ಕೂ ರೂಲಿದೆ. ಪ್ರಾಣಿಗಳ ಸಗಣಿ, ಹಿಕ್ಕೆ ಚೆಂಡಿಗೆ ಅಡ್ಡ ಬಂದರೆ ಆಟಗಾರ ತೆಗೆದುಹಾಕಬಹುದು, ದಂಡವಿಲ್ಲ. ಇದನ್ನು ಅವರು ಭಾಮೈದನಿಗೆ ಧೈರ್ಯ ಹೇಳುವ ದನಿಯಲ್ಲಿ ಹೇಳಿದರು. ಕುರಿಗಾಹಿಯ ಮುಖ ಕಪ್ಪಿಟ್ಟಿತು.

"ತೆಗೀತೀರಾ? ಮತ್ತೆ ಕಾಸು ಕೊಡೋದು ಯಾಕೆ?"

ಭಾಮೈದ ಕೋಲನ್ನು ಚೀಲಕ್ಕೆ ಹಾಕಿದರು. "ಭಾವಾ, ಹಿಕ್ಕೆ ಮಾತ್ರ ಮುಟ್ಟಬೇಡಿ" ಎಂದರು. "ಅಡ್ಡ ಬಂದ್ರೆ ಚೆಂಡು ತೆಗೀರಿ."